ಕುತ್ತಿಗೆಗೆ ಕೃತಕ ಡಿಸ್ಕ್: ಆಯ್ಕೆಯಿಂದ ಹೊಲಿಗೆಯವರೆಗೆ ನಾನು ಪಾಲಿಸುವ ಕ್ರಮ

ನೋವು ಕುತ್ತಿಗೆಯಲ್ಲೇ ಇದ್ದು ಕೈಗೆ ಇಳಿಯದಿದ್ದರೆ ಕೃತಕ ಡಿಸ್ಕಿನ ಮಾತನ್ನೇ ನಾನು ಎತ್ತುವುದಿಲ್ಲ. ವರ್ಷಗಟ್ಟಲೆ ಕತ್ತು ನೋಯುತ್ತಿದೆ, ಎಂಆರ್‌ಐ ವರದಿಯಲ್ಲಿ ‘ಸಿ5-6 ಡಿಸ್ಕ್ ಬಲ್ಜ್’ (ಕತ್ತಿನ ಐದನೇ ಮತ್ತು ಆರನೇ ಕಶೇರುಗಳ, ಅಂದರೆ ಬೆನ್ನೆಲುಬಿನ ಮೂಳೆಗಳ, ನಡುವಿನ ಮೆತ್ತೆ ಉಬ್ಬಿದೆ) ಅಂತ ಬರೆದಿದ್ದಾರೆ, ಬದಲಿಸಿಬಿಡಿ ಎಂದು ಕೇಳಿಕೊಂಡು ಬರುವವರು ಬಹಳ. ನಲವತ್ತು ದಾಟಿದ, ಯಾವ ನೋವೂ ಇಲ್ಲದ ಜನರನ್ನು ಸ್ಕ್ಯಾನ್ ಮಾಡಿದರೂ ಹಲವರಲ್ಲಿ ಇಂಥ ಬಲ್ಜ್ ಸಿಗುತ್ತದೆ. ಡಿಸ್ಕಿನ ತುಂಡೋ ಮೂಳೆಯ ಮುಳ್ಳೋ ನರವನ್ನು ಅಥವಾ ಬೆನ್ನುಹುರಿಯನ್ನು ಒತ್ತುತ್ತಿದ್ದರೆ ಮಾತ್ರ ಈ ಶಸ್ತ್ರಚಿಕಿತ್ಸೆಗೆ ಅರ್ಥವಿದೆ. ಗುಣ ಬರುವುದು ಆ ಒತ್ತಡ ತೆಗೆಯುವುದರಿಂದ. ಹಾಕುವ ಡಿಸ್ಕು ಖಾಲಿಯಾದ ಜಾಗ ತುಂಬಿ ಅಲ್ಲಿನ ಚಲನೆಯನ್ನು ಉಳಿಸಿಕೊಡುತ್ತದೆ, ಅಷ್ಟೇ. ಕೈನೋವು ಹೋದವರಲ್ಲಿ ಕತ್ತುನೋವೂ ಎಷ್ಟೋ ಇಳಿಯುವುದುಂಟು. ಆದರೆ ಅದಕ್ಕೆ ಮೊದಲೇ ಮಾತು ಕೊಡುವುದಿಲ್ಲ.

ಹಾಗಾಗಿ ಸ್ಕ್ಯಾನ್ ನೋಡುವ ಮೊದಲು ಕೈ ನೋಡುತ್ತೇನೆ. ಸಿ5-6 ಡಿಸ್ಕು ಒತ್ತುವುದು ಸಿ6 ನರವನ್ನು: ಹೆಬ್ಬೆರಳಿನ ಕಡೆ ಜೋಮು, ಮಣಿಕಟ್ಟು ಮೇಲೆತ್ತುವ ಶಕ್ತಿ ಕುಂದುವುದು. ಸಿ6-7 ಒತ್ತುವುದು ಸಿ7 ನರವನ್ನು: ನಡುಬೆರಳಿಗೆ ಜೋಮು, ಮೊಣಕೈ ನೇರ ಮಾಡಿ ತಳ್ಳಲು ಬಲ ಸಾಲದು. ತಲೆಯನ್ನು ನೋವಿನ ಕಡೆಗೆ ವಾಲಿಸಿ, ಹಿಂದಕ್ಕೆ ಬಾಗಿಸಿ, ಮೇಲಿನಿಂದ ಮೆಲ್ಲಗೆ ಒತ್ತಿದರೆ ನೋವು ಕೈಗೆ ಹರಿಯುತ್ತದೆಯೇ ಎಂದು ನೋಡುತ್ತೇನೆ. ಇದೇ ಸ್ಪರ್ಲಿಂಗ್ ಪರೀಕ್ಷೆ. ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಹಾಯೆನಿಸುತ್ತದೆ ಎಂದು ರೋಗಿಯೇ ಹೇಳಿದರೆ ಅದೂ ನರದ ಕಡೆಗೇ ಬೆರಳು ತೋರಿಸುತ್ತದೆ. ಬೆನ್ನುಹುರಿಯ ಒತ್ತಡದ ಲಕ್ಷಣಗಳು ಬೇರೆ: ಅಂಗಿಯ ಗುಂಡಿ ಹಾಕಲು ತಡಕಾಟ, ತುತ್ತು ಕಲಸುವಾಗ ಬೆರಳು ಮಾತು ಕೇಳದಿರುವುದು, ಹವಾಯಿ ಚಪ್ಪಲಿ ಕಾಲಿನಿಂದ ಜಾರಿದ್ದೇ ಗೊತ್ತಾಗದಿರುವುದು. ಇವಕ್ಕೆ ಹಾಫ್‌ಮನ್ ಚಿಹ್ನೆಯನ್ನೂ (ನಡುಬೆರಳಿನ ತುದಿ ಚಿಮ್ಮಿಸಿದಾಗ ಹೆಬ್ಬೆರಳು ತಾನಾಗಿ ಮಡಚುವುದು), ಒಂದೇ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದನ್ನೂ ಪರೀಕ್ಷಿಸಬೇಕು. ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಳ್ಳುವ ಕಾರ್ಪಲ್ ಟನಲ್ ಮತ್ತು ಭುಜದ ಸ್ನಾಯುರಜ್ಜು ಹರಿದಿರುವುದು ಎರಡೂ ಕತ್ತಿನ ನರದ ನೋವಿನ ವೇಷ ಹಾಕುತ್ತವೆ. ಸಂಶಯವಿದ್ದರೆ ನರವಹನ ಪರೀಕ್ಷೆ ಮಾಡಿಸುತ್ತೇನೆ. ರೋಗಿಯ ದೂರು, ಪರೀಕ್ಷೆ, ಎಂಆರ್‌ಐ ಮೂರೂ ಒಂದೇ ಡಿಸ್ಕನ್ನು ತೋರಿಸಿದರೆ ಮಾತ್ರ ಮುಂದಿನ ಮಾತು.

ಆಗಲೂ ಕನಿಷ್ಠ 6 ವಾರ ಔಷಧಿ, ಫಿಸಿಯೋಥೆರಪಿ. ಕೈಗೆ ಇಳಿಯುವ ಡಿಸ್ಕ್ ನೋವು ಬಹಳಷ್ಟು ಜನರಲ್ಲಿ ಕತ್ತಿಯಿಲ್ಲದೆಯೇ ಇಳಿದುಹೋಗುತ್ತದೆ. ಕೈಬಲ ಕಣ್ಣೆದುರೇ ಕುಂದುತ್ತಿದ್ದರೆ, ಬೆನ್ನುಹುರಿಗೆ ಒತ್ತಡವಿದ್ದರೆ ಕಾಯುವುದಿಲ್ಲ. ಈ ಅವಧಿಯಲ್ಲಿ ಯಾರ ಕೈಯಲ್ಲೂ ಕತ್ತು ತಿರುಗಿಸಿ ‘ನೆಟಿಗೆ’ ತೆಗೆಸಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಚಿತ್ರಗಳ ವಿಷಯದಲ್ಲಿ ಎಂಆರ್‌ಐ ಒಂದೇ ಸಾಲದು. ನಿಂತ ಭಂಗಿಯಲ್ಲಿ ಪಕ್ಕದಿಂದ ತೆಗೆದ ಎಕ್ಸ್‌ರೇ, ಕತ್ತು ಬಾಗಿಸಿ ಒಂದು, ಹಿಂದಕ್ಕೆ ಚಾಚಿ ಇನ್ನೊಂದು ಬೇಕು. ತೊಂದರೆಯಿರುವ ಡಿಸ್ಕಿನ ಮಟ್ಟದಲ್ಲಿ ಚಲನೆ 2 ಡಿಗ್ರಿಗಿಂತ ಕಡಿಮೆಯಿದ್ದರೆ ಉಳಿಸಲು ಚಲನೆಯೇ ಇಲ್ಲ, ಅಲ್ಲಿ ದುಬಾರಿ ಡಿಸ್ಕು ದಂಡ. ಕಶೇರು 3.5 ಮಿ.ಮೀ.ಗಿಂತ ಹೆಚ್ಚು ಜಾರುತ್ತಿದ್ದರೆ, ಅಕ್ಕಪಕ್ಕದ ಮಟ್ಟಗಳಿಗಿಂತ 11 ಡಿಗ್ರಿಗೂ ಹೆಚ್ಚು ಬಾಗುತ್ತಿದ್ದರೆ ಅದು ಅಸ್ಥಿರ, ಬೆಸೆಯಬೇಕಾದ ಕುತ್ತಿಗೆ. ಡಿಸ್ಕಿನ ಎತ್ತರ ಅರ್ಧಕ್ಕಿಂತ ಹೆಚ್ಚು ಕುಸಿದಿದ್ದರೂ, ಕುತ್ತಿಗೆ ಮುಂದಕ್ಕೆ ಗೂನಾಗಿದ್ದರೂ ಡಿಸ್ಕ್ ಹಾಕುವುದಿಲ್ಲ. ಸಿಟಿ ಸ್ಕ್ಯಾನನ್ನು ಎಲ್ಲರಿಗೂ ಮಾಡಿಸುತ್ತೇನೆ, ಎರಡು ಕಾರಣಕ್ಕೆ. ಒಂದು, ಹಿಂಬದಿಯ ಫ್ಯಾಸೆಟ್ ಕೀಲುಗಳು ಸವೆದಿವೆಯೇ ಎಂಬುದು ಅದರಲ್ಲೇ ಸ್ಪಷ್ಟ. ಸವೆದ ಕೀಲನ್ನು ಚಲಿಸುತ್ತಲೇ ಇರುವಂತೆ ಬಿಟ್ಟರೆ ನೋವೂ ಉಳಿಯುತ್ತದೆ. ಎರಡು, ಬೆನ್ನುಹುರಿಯ ಮುಂದಿನ ಅಸ್ಥಿರಜ್ಜು ಮೂಳೆಯಾಗಿ ಗಟ್ಟಿಯಾಗುವ ಒಪಿಎಲ್ಎಲ್. ಏಷ್ಯಾದ ಜನರಲ್ಲಿ ಇದು ಹೆಚ್ಚು, ಎಂಆರ್‌ಐನಲ್ಲಿ ಡಿಸ್ಕಿನಂತೆಯೇ ಕಂಡು ಮೋಸ ಮಾಡುತ್ತದೆ. ಮುಟ್ಟು ನಿಂತ ಹೆಂಗಸರಿಗೆ, ಬಹುಕಾಲ ಸ್ಟೀರಾಯ್ಡ್ ತಿಂದವರಿಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಕಡ್ಡಾಯ. ಅದರ ಅಂಕಿಯಾದ ಟಿ-ಸ್ಕೋರ್ ಮೈನಸ್ 2.5ಕ್ಕೆ ಇಳಿದಿದ್ದರೆ ಡಿಸ್ಕು ಮೂಳೆಯೊಳಗೆ ಹೂತುಹೋಗುವ ಅಪಾಯವಿದೆ. ನಿಕ್ಕೆಲ್ ಒಡವೆ ತಾಗಿದರೆ ತುರಿಕೆಯಾಗುತ್ತದೆಯೇ ಎಂದು ಕೇಳುವುದನ್ನು ಮರೆಯಬಾರದು, ಡಿಸ್ಕಿನ ಲೋಹವೂ ಒಗ್ಗದಿರಬಹುದು.

ಈ ಜರಡಿಯಲ್ಲಿ ಉಳಿಯುವವರು ಸಾಮಾನ್ಯವಾಗಿ ಮಧ್ಯವಯಸ್ಸಿನೊಳಗಿನವರು, ಒಂದು ಅಥವಾ ಎರಡು ಮಟ್ಟದಲ್ಲಿ ಮೆತ್ತಗಿನ ಡಿಸ್ಕ್ ಹೊರಚಾಚಿದವರು. ಉಳಿದವರಿಗೆ ಫ್ಯೂಷನ್, ಅಂದರೆ ಎರಡು ಕಶೇರುಗಳನ್ನು ಬೆಸೆಯುವುದು. 1950ರ ದಶಕದಿಂದ ನಡೆದುಬಂದ, ನಂಬಿಕೆಗೆ ಅರ್ಹವಾದ ಶಸ್ತ್ರಚಿಕಿತ್ಸೆ ಅದು. ಅದನ್ನು ಹಳೆಯದು ಎಂದು ಕೀಳಾಗಿ ನೋಡುವ ಚಾಳಿ ಈಗ ಹೆಚ್ಚಾಗಿದೆ.

ಡಿಸ್ಕಿನ ಪರವಾದ ವಾದ ಹುಟ್ಟಿದ್ದು ಫ್ಯೂಷನ್ನಿನ ಪಕ್ಕದ ಮಟ್ಟಗಳಿಂದ. ಒಂದು ಕೀಲು ಬಿಗಿದರೆ ಮೇಲಿನದಕ್ಕೂ ಕೆಳಗಿನದಕ್ಕೂ ಹೊರೆ ಹೆಚ್ಚು. 1999ರಲ್ಲಿ ಹಿಲಿಬ್ರಾಂಡ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು 2.9 ಶೇಕಡಾ ರೋಗಿಗಳಿಗೆ ಪಕ್ಕದ ಮಟ್ಟದಲ್ಲಿ ಹೊಸ ತೊಂದರೆ ಬಂದಿತ್ತು. ಇದರಲ್ಲಿ ವಯಸ್ಸಿನ ಸಹಜ ಸವೆತದ ಪಾಲೂ ಇದೆ, ಎಲ್ಲವನ್ನೂ ಬೆಸುಗೆಯ ತಲೆಗೆ ಕಟ್ಟಲಾಗದು. ಅಮೆರಿಕದ ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಪ್ರೆಸ್ಟೀಜ್ ಮತ್ತು ಪ್ರೊಡಿಸ್ಕ್-ಸಿ ಡಿಸ್ಕುಗಳಿಗೆ, 2009ರಲ್ಲಿ ಬ್ರಯಾನ್‌ಗೆ, 2013ರಲ್ಲಿ ಮೊಬಿ-ಸಿಗೆ ಒಪ್ಪಿಗೆ ಕೊಟ್ಟಿತು. ಎರಡು ಮಟ್ಟಗಳಿಗೆ ಮೊದಲು ಒಪ್ಪಿಗೆ ಪಡೆದದ್ದು ಮೊಬಿ-ಸಿ. ಅದರ ಎರಡು ಮಟ್ಟದ ಪ್ರಯೋಗದಲ್ಲಿ 7 ವರ್ಷಕ್ಕೆ ಅದೇ ಜಾಗದ ಮರುಶಸ್ತ್ರಚಿಕಿತ್ಸೆ ಡಿಸ್ಕಿನವರಲ್ಲಿ 4.4 ಶೇಕಡಾ, ಫ್ಯೂಷನ್ನಿನವರಲ್ಲಿ 16.2 ಶೇಕಡಾ. ಈ ಅಂಕಿಗಳನ್ನು ನಾನು ಸ್ವಲ್ಪ ತಗ್ಗಿಸಿಯೇ ಓದುತ್ತೇನೆ. ಪ್ರಯೋಗಕ್ಕೆ ಹಣ ಹಾಕಿದ್ದು ತಯಾರಕರು, ಯಾರಿಗೆ ಏನು ಹಾಕಿದೆ ಎಂಬುದು ವೈದ್ಯರಿಗೆ ಗೊತ್ತಿತ್ತು, ಮತ್ತೆ ಕೊಯ್ಯಬೇಕೇ ಎಂದು ನಿರ್ಧರಿಸುವವರೂ ಅವರೇ. ಆದರೂ ಎರಡು ಮಟ್ಟದಲ್ಲಿ ತೊಂದರೆಯಿರುವ, ಕೀಲು ಚೆನ್ನಾಗಿರುವ ರೋಗಿಗೆ ಡಿಸ್ಕಿನ ಕಡೆಗೇ ನನ್ನ ಒಲವು.

ಅರಿವಳಿಕೆ ಕೊಟ್ಟ ಮೇಲೆ ಮಲಗಿಸುವ ಕೆಲಸವನ್ನು ಯಾರಿಗೂ ಬಿಡುವುದಿಲ್ಲ. ಫ್ಯೂಷನ್ನಿಗೆ ಕತ್ತನ್ನು ಕೊಂಚ ಹಿಂದಕ್ಕೆ ಚಾಚುವುದು ರೂಢಿ. ಇಲ್ಲಿ ಹಾಗೆ ಮಾಡಿದರೆ ಚಾಚಿದ ಭಂಗಿಗೆ ತಕ್ಕಂತೆ ಡಿಸ್ಕು ಕೂತು, ಎದ್ದು ನಿಂತಾಗ ಕೋನ ತಪ್ಪುತ್ತದೆ. ಕತ್ತಿನ ಹಿಂದೆ ಮಡಚಿದ ಟವೆಲ್ ಇಟ್ಟು, ತಲೆ ಅತ್ತಿತ್ತ ತಿರುಗದಂತೆ ಹಣೆಗೆ ಟೇಪ್ ಹಾಕಿ, ನಿಂತಾಗಿನ ಎಕ್ಸ್‌ರೇಯ ಬಾಗು ಸಿ-ಆರ್ಮ್ (ಓಟಿಯಲ್ಲೇ ಎಕ್ಸ್‌ರೇ ತೋರಿಸುವ ಯಂತ್ರ) ಪರದೆಯ ಮೇಲೂ ಕಾಣುವ ಹಾಗೆ ಹೊಂದಿಸುತ್ತೇನೆ. ಭುಜಗಳನ್ನು ಟೇಪಿನಿಂದ ಕಾಲ ಕಡೆಗೆ ಎಳೆದು ಕಟ್ಟಬೇಕು, ಇಲ್ಲವಾದರೆ ಸಿ6-7 ಕಾಣುವುದಿಲ್ಲ. ಮಿತಿಮೀರಿ ಎಳೆದರೆ ಭುಜದ ನರಜಾಲಕ್ಕೆ ಪೆಟ್ಟು. ಎದುರಿನ ಚಿತ್ರದಲ್ಲಿ ಕಶೇರುವಿನ ಹಿಂಬದಿಯ ಚಾಚು ನಟ್ಟನಡುವೆ ಬರಬೇಕು. ಶಸ್ತ್ರಚಿಕಿತ್ಸೆಯ ಶುದ್ಧ ಬಟ್ಟೆ ಹೊದಿಸುವ ಮೊದಲೇ ಎರಡೂ ಚಿತ್ರ ಸರಿಯಾಗಿ ಸಿಗದಿದ್ದರೆ ಆಮೇಲೆ ಸಿಗುವ ಆಸೆ ಬೇಡ.

ಚರ್ಮದ ಸುಕ್ಕಿನ ಗೆರೆಯಲ್ಲೇ 3-4 ಸೆಂ.ಮೀ. ಅಡ್ಡ ಗಾಯ. ಗಂಟಲಿನ ಕ್ರಿಕಾಯ್ಡ್ ಮೃದ್ವಸ್ಥಿ ಸುಮಾರಾಗಿ ಸಿ6ರ ಎತ್ತರಕ್ಕೆ ಬರುತ್ತದೆ. ಹಿಂದೆ ಥೈರಾಯ್ಡ್ ಶಸ್ತ್ರಚಿಕಿತ್ಸೆ ಆಗಿದ್ದವರಿಗೆ ಧ್ವನಿತಂತುಗಳನ್ನು ಮೊದಲೇ ಇಎನ್‌ಟಿ ತಜ್ಞರಿಂದ ನೋಡಿಸುತ್ತೇನೆ. ಒಂದು ತಂತು ಆಗಲೇ ನಿಶ್ಚಲವಾಗಿದ್ದರೆ ಅದೇ ಕಡೆಯಿಂದ ಹೋಗಬೇಕು. ಇನ್ನೊಂದೂ ಹೋದರೆ ಉಸಿರಿಗೇ ಕುತ್ತು. ಚರ್ಮದಡಿಯ ತೆಳು ಸ್ನಾಯುವಾದ ಪ್ಲಾಟಿಸ್ಮ ಬಿಡಿಸಿ, ಕ್ಯಾರೊಟಿಡ್ ರಕ್ತನಾಳವನ್ನು ಹೊರಕ್ಕೆ, ಶ್ವಾಸನಾಳ ಅನ್ನನಾಳಗಳನ್ನು ಒಳಕ್ಕೆ ಸರಿಸಿ, ಬೆರಳಿನಿಂದಲೇ ಕಶೇರುವಿನ ಮುಂಭಾಗಕ್ಕೆ ತಲುಪಬಹುದು. ಮಟ್ಟ ಗುರುತಿಸುವ ಸೂಜಿಯನ್ನು ಕಶೇರುವಿನ ಮೂಳೆಗೆ ಚುಚ್ಚುತ್ತೇನೆ. ತಪ್ಪಿ ಪಕ್ಕದ ಒಳ್ಳೆಯ ಡಿಸ್ಕಿಗೆ ಚುಚ್ಚಿದರೆ ಅದರ ಸವೆತಕ್ಕೆ ನಾವೇ ಬೀಜ ಹಾಕಿದಂತೆ. ಗಾಯ ಅಗಲಿಸಿ ಹಿಡಿಯುವ ರಿಟ್ರಾಕ್ಟರಿನ ಅಲಗುಗಳು ಕಶೇರುಗಳ ಮುಂದೆ ಇಕ್ಕೆಲದಲ್ಲಿರುವ ಲಾಂಗಸ್ ಕೊಲಿ ಸ್ನಾಯುವಿನ ಅಡಿಯಲ್ಲೇ ಕೂರಬೇಕು, ಮೇಲೆ ಜಾರಿದರೆ ಅನ್ನನಾಳಕ್ಕೆ ಅಪಾಯ. ಅಲಗು ಕೂತ ಮೇಲೆ ಅರಿವಳಿಕೆ ತಜ್ಞರಿಗೆ ಹೇಳಿ ಉಸಿರುಕೊಳವೆಯ ಸುತ್ತಲಿನ ಗಾಳಿಚೀಲವಾದ ಕಫ್‌ನ ಗಾಳಿ ಬಿಡಿಸಿ ಮತ್ತೆ ಹದವಾಗಿ ತುಂಬಿಸುತ್ತೇನೆ. ಧ್ವನಿಯ ನರ ಕೊಳವೆಗೂ ಅಲಗಿಗೂ ನಡುವೆ ನಜ್ಜಾಗದಿರಲಿ ಎಂದು.

ಎರಡು ಕಶೇರುಗಳನ್ನು ಎಳೆದು ಅಗಲಿಸಿ ಹಿಡಿಯುವ ಕ್ಯಾಸ್ಪರ್ ಪಿನ್ನುಗಳನ್ನು ನಟ್ಟನಡುವೆ, ಕಶೇರುವಿನ ತಟ್ಟೆಗೆ (ಡಿಸ್ಕಿಗೆ ತಾಗುವ ಅದರ ಮೇಲ್ಮೈಗೆ) ಸಮಾಂತರವಾಗಿ ಹಾಕುತ್ತೇನೆ. 14 ಮಿ.ಮೀ. ಉದ್ದದ್ದು ಸಾಕು, ಸಣ್ಣ ಮೈಕಟ್ಟಿನವರಿಗೆ 12. ಡಿಸ್ಕು ತೆಗೆದ ನಂತರ ಹಿಂದಿನ ಅಸ್ಥಿರಜ್ಜುವನ್ನು ಸಣ್ಣ ಕೊಕ್ಕೆಯಿಂದ ಎತ್ತಿ, ಕಚ್ಚಿ ಕತ್ತರಿಸುವ ಉಪಕರಣವಾದ 1 ಮಿ.ಮೀ. ಕೆರಿಸನ್ನಿನಿಂದ ಕತ್ತರಿಸಿ ತೆಗೆಯುತ್ತೇನೆ. ಫ್ಯೂಷನ್ನಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಬೆಸೆದ ಕೀಲು ಅಲುಗುವುದಿಲ್ಲವಾದ್ದರಿಂದ ಕೊಂಚ ಮುಳ್ಳು ಉಳಿದರೂ ನಡೆದೀತು. ಡಿಸ್ಕು ಹಾಕಿದ ಕೀಲು ದಿನವಿಡೀ ಅಲುಗುತ್ತದೆ, ಉಳಿದ ಮುಳ್ಳು ನರವನ್ನು ತಿವಿಯುತ್ತಲೇ ಇರುತ್ತದೆ. ಆದ್ದರಿಂದ ನೋವು ಒಂದೇ ಕೈಯಲ್ಲಿದ್ದರೂ ಎರಡೂ ಬದಿಯ ನರದ್ವಾರ ತೆರೆಯುತ್ತೇನೆ. ಕಶೇರುವಿನ ಪಕ್ಕದಲ್ಲಿ ಮೇಲೆದ್ದ ಅಂಚಾದ ಅನ್ಸಿನೇಟ್ ಮುಂಚಾಚಿನ ಹಿಂಭಾಗವನ್ನಷ್ಟೇ ತೆಳುವಾಗಿಸಿ, ಮೊಂಡು ಕೊಕ್ಕೆ ನರದ ಜೊತೆ ತಡೆಯಿಲ್ಲದೆ ಹೊರಗೆ ಹೋಗುವವರೆಗೂ ಬಿಡುವುದಿಲ್ಲ. ಅದರಾಚೆ ಮೆದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿ ಇದೆ. ಕೆಲವರಲ್ಲಿ ಅದು ಒಳಕ್ಕೆ ಸುತ್ತಿಕೊಂಡಿರುತ್ತದೆ, ಎಂಆರ್‌ಐನ ಅಡ್ಡಸೀಳು ಚಿತ್ರಗಳಲ್ಲಿ ಹಿಂದಿನ ದಿನವೇ ಗುರುತು ಹಾಕಿಕೊಂಡಿರಬೇಕು.

ಕಶೇರುವಿನ ತಟ್ಟೆಯನ್ನು ಕೆರೆಯುವುದು ಮೃದ್ವಸ್ಥಿ ಹೋಗುವಷ್ಟೇ. ಮೂಳೆ ಉಜ್ಜುವ ಬರ್‌ನಿಂದ ಚಪ್ಪಟೆ ಮಾಡುವ ಆತುರದಲ್ಲಿ ಗಟ್ಟಿ ಪದರ ಕಳೆದರೆ ಡಿಸ್ಕು ಕುಸಿಯುವುದು ಖಚಿತ. ಬರ್ ಬಳಸಿದಷ್ಟು ಹೊತ್ತೂ ನೀರು ಹಾಯಿಸಿ ಮೂಳೆಯ ಪುಡಿಯನ್ನು ತೊಳೆಯುತ್ತಿರಬೇಕು. ಆ ಪುಡಿ ಉಳಿದರೆ ಡಿಸ್ಕಿನ ಸುತ್ತ ಬೇಡದ ಮೂಳೆ ಬೆಳೆಯಲು ನೆಪವಾಗುತ್ತದೆ.

ಇನ್ನು ಅಳತೆ. ಎತ್ತರ ಸಾಮಾನ್ಯವಾಗಿ 5, 6, 7 ಮಿ.ಮೀ.ಗಳಲ್ಲಿ ಸಿಗುತ್ತದೆ, ನನ್ನ ರೋಗಿಗಳಲ್ಲಿ ಹೆಚ್ಚಿನವರಿಗೆ 5 ಸಾಕು. ಪಿನ್ನುಗಳ ಎಳೆತ ಸಡಿಲಿಸಿದ ಮೇಲೆ ಅಳತೆ ನೋಡಲು ಇಡುವ ಟ್ರಯಲ್ ತುಂಡು ಬಿಗಿಯಾಗಿ ನಿಂತರೆ ಅದೇ ಅಳತೆ. ಎಳೆತವಿರುವಾಗಲೇ ಅಳೆದರೆ ದೊಡ್ಡದು ಕೂರುತ್ತದೆ. ಎತ್ತರ ಹೆಚ್ಚಾದರೆ ಹಿಂದಿನ ಫ್ಯಾಸೆಟ್ ಕೀಲುಗಳು ಹಿಗ್ಗಿ, ತಿಂಗಳುಗಟ್ಟಲೆ ಹೆಗಲ ನಡುವೆ ನೋವು. ಚಲನೆಯೂ ಕಡಿಮೆ. ಅಗಲ ಮತ್ತು ಆಳದಲ್ಲಿ ಮಾತ್ರ ಉಲ್ಟಾ ನಿಯಮ: ತಟ್ಟೆಯನ್ನು ಆದಷ್ಟೂ ಮುಚ್ಚುವ ದೊಡ್ಡ ಅಳತೆ ಬೇಕು, ಹಿಂಬದಿ ಅಂಚಿನಿಂದ 1-2 ಮಿ.ಮೀ.ಯೊಳಗೆ ತಲುಪಬೇಕು. ಸಣ್ಣ ಡಿಸ್ಕು ಮುಂದಕ್ಕೆ ಕೂತರೆ ಭಾರವೆಲ್ಲ ಮುಂಭಾಗಕ್ಕೆ ಬಿದ್ದು ಕತ್ತು ಗೂನಾಗುತ್ತದೆ. ನಮ್ಮ ಜನರ ಕಶೇರುಗಳು ಚಿಕ್ಕವು, ಪೆಟ್ಟಿಗೆಯಲ್ಲಿ ಸಣ್ಣ ಅಳತೆಗಳೆಲ್ಲ ಬಂದಿವೆಯೇ ಎಂದು ಹಿಂದಿನ ಸಂಜೆಯೇ ನೋಡಿಸುತ್ತೇನೆ.

ಕೆಲವು ಡಿಸ್ಕುಗಳಿಗೆ ಮೂಳೆಯಲ್ಲಿ ಕಚ್ಚುವ ಹಲ್ಲು, ಕೆಲವಕ್ಕೆ ನಡುವೆ ಎದ್ದು ನಿಂತ ಲೋಹದ ಏಣು. ಏಣಿನದಕ್ಕೆ ಉಳಿಯಿಂದ ಮೂಳೆಯಲ್ಲಿ ತೋಡು ಕೊರೆಯಬೇಕು. ಹಿಡಿತ ಒಳ್ಳೆಯದು, ಆದರೆ ಪಕ್ಕಪಕ್ಕದ ಎರಡು ಮಟ್ಟಕ್ಕೆ ಹಾಕಿದಾಗ ನಡುವಿನ ಸಣ್ಣ ಕಶೇರು ಎರಡೂ ಕಡೆಯಿಂದ ತೋಡು ಬಿದ್ದು ಸೀಳಬಹುದು. ಎರಡು ಮಟ್ಟಕ್ಕೆ ಹಲ್ಲಿನದನ್ನೇ ಆರಿಸುತ್ತೇನೆ. ಡಿಸ್ಕನ್ನು ಕೂರಿಸುವಾಗ ಪ್ರತಿ ಕೆಲವು ತಟ್ಟಿಗೆ ಪಕ್ಕದ ಚಿತ್ರ. ಕೂತ ಮೇಲೆ ಪಿನ್ನುಗಳನ್ನು ಒಂದರ ಕಡೆಗೊಂದು ಒತ್ತಿದರೆ ಹಲ್ಲುಗಳು ಮೂಳೆಗೆ ಇಳಿಯುತ್ತವೆ. ಪಿನ್ನಿನ ತೂತಿಗೂ ಹೊರಗೆ ತೆರೆದುಕೊಂಡ ಮೂಳೆಗೂ ರಕ್ತ ನಿಲ್ಲಿಸುವ ಮೇಣವಾದ ಬೋನ್ ವ್ಯಾಕ್ಸ್. ನಡುರೇಖೆ ತಪ್ಪಿದ್ದರೆ, ಕಶೇರು ಸೀಳಿದರೆ, ಮೂಳೆ ಮೆತ್ತಗಿದ್ದು ಹಿಡಿತ ಬಾರದಿದ್ದರೆ ಅಲ್ಲೇ ತೆಗೆದು ಫ್ಯೂಷನ್ ಮಾಡುತ್ತೇನೆ. ಬೆಸೆಯಲು ಬೇಕಾದ ಕೇಜೂ ಪ್ಲೇಟೂ ಓಟಿಯಲ್ಲಿ ಸಿದ್ಧವಿರುತ್ತವೆ, ಒಪ್ಪಿಗೆ ಪತ್ರದಲ್ಲೂ ಈ ಮಾತು ಮೊದಲೇ ಬರೆದಿರುತ್ತದೆ.

ಮೊದಲ 24 ಗಂಟೆ ನನಗೆ ಭಯವಿರುವುದು ರಕ್ತ ಕಟ್ಟುವುದರ ಬಗ್ಗೆ. ಕತ್ತು ಉಬ್ಬಿ, ದನಿ ಬದಲಾಗಿ, ರೋಗಿ ಮಲಗಲಾರದೆ ಎದ್ದು ಕೂತರೆ ಸ್ಕ್ಯಾನಿಗೆ ಕಳಿಸುತ್ತಾ ಕೂರಬಾರದು. ಹಾಸಿಗೆಯಲ್ಲೇ ಹೊಲಿಗೆ ಬಿಚ್ಚಿ ರಕ್ತ ಹೊರಬಿಟ್ಟು ಆಮೇಲೆ ಓಟಿಗೆ. ಹೊಲಿಗೆ ಬಿಚ್ಚುವ ಸೆಟ್ಟು ಮಂಚದ ಪಕ್ಕದಲ್ಲೇ ಇರುತ್ತದೆ. ನುಂಗುವಾಗ ಸಿಕ್ಕಿದಂತಾಗುವುದು ಕೆಲವು ದಿನಗಳಿಂದ ವಾರಗಳವರೆಗೆ ಸಹಜ, ಗಂಜಿ, ಮೆತ್ತಗೆ ಕಲಸಿದ ಮೊಸರನ್ನ ಸಾಕು. ದನಿ 6 ವಾರ ಕಳೆದರೂ ಗೊಗ್ಗರಾಗಿದ್ದರೆ ಧ್ವನಿತಂತು ನೋಡಿಸಬೇಕು.

ಅದೇ ಸಂಜೆ ನಡೆಸುತ್ತೇನೆ. ಕಾಲರ್ ಕಟ್ಟಿ ಕತ್ತನ್ನು ಬಿಗಿಯುವುದಿಲ್ಲ. ಚಲನೆಗೆಂದೇ ಹಾಕಿದ ಡಿಸ್ಕು ಅದು. ಹೊಟ್ಟೆ, ಮೂತ್ರಪಿಂಡ ಸರಿಯಿದ್ದರೆ 2 ವಾರ ಡೈಕ್ಲೋಫೆನಾಕ್ ಅಥವಾ ಇಂಡೋಮೆಥಾಸಿನ್ ಕೊಡುತ್ತೇನೆ, ಬೇಡದ ಮೂಳೆ ಬೆಳೆಯದಿರಲೆಂದು. ಇದಕ್ಕಿರುವ ಆಧಾರ ತುಂಬ ಗಟ್ಟಿಯದೇನಲ್ಲ. ಫ್ಯೂಷನ್ ಆದವರಿಗೆ ಮಾತ್ರ ಇದೇ ಗುಳಿಗೆಯನ್ನು ತಪ್ಪಿಸುವುದು ವಾಡಿಕೆ. ಮೇಜಿನ ಕೆಲಸಕ್ಕೆ ಎರಡು-ಮೂರು ವಾರದಲ್ಲಿ ಹೋಗಬಹುದು, ಸ್ಕೂಟರು ಬೈಕು 6 ವಾರ ಬೇಡ, ಹಂಪುಗಳಿರುವ ರಸ್ತೆಯಲ್ಲಿ ಹಿಂದಿನ ಸೀಟೂ ಬೇಡ. ತಲೆಹೊರೆ 3 ತಿಂಗಳು ನಿಷಿದ್ಧ, ಆಮೇಲೂ ಬಿಟ್ಟರೆ ಒಳ್ಳೆಯದು.

ಬಾಗಿಸಿ-ಚಾಚಿ ತೆಗೆಯುವ ಎಕ್ಸ್‌ರೇ 6 ವಾರ, 6 ತಿಂಗಳು, 1 ವರ್ಷ, 2 ವರ್ಷಕ್ಕೆ. ಅನಗತ್ಯ ಮೂಳೆಯನ್ನು ಮೆಕಾಫಿ ಶ್ರೇಣಿಯಲ್ಲಿ 0ಯಿಂದ 4ರವರೆಗೆ ಅಳೆಯುತ್ತಾರೆ. 4 ಎಂದರೆ ಕೀಲು ತಾನಾಗಿಯೇ ಬೆಸೆದಿದೆ. ಆಗಲೂ ನೋವಿಲ್ಲದಿದ್ದರೆ ಕೈ ಹಾಕುವುದಿಲ್ಲ, ಫ್ಯೂಷನ್ ಆದಂತೆಯೇ ಲೆಕ್ಕ. ಡಿಸ್ಕಿನ ಪಕ್ಕದ ಮೂಳೆ ಕರಗುತ್ತಿದ್ದರೆ ಅದು ಬೇರೆ ಮಾತು. ಮೊದಲಿಗೆ ಸೋಂಕಿಲ್ಲ ಎಂದು ಖಚಿತಪಡಿಸಿಕೊಂಡು, ಕರಗುವುದು ಹೆಚ್ಚುತ್ತಿದೆ ಎಂದು ಸಿಟಿ ತೋರಿಸಿದರೆ ಡಿಸ್ಕು ಸಡಿಲವಾಗುವ ಮುಂಚೆಯೇ ತೆಗೆದು ಬೆಸೆಯುವುದು ಸುಲಭ. ಡಿಸ್ಕಿನ ಹೆಸರು, ಅಳತೆ, ಲೋಹ ಬರೆದ ಸ್ಟಿಕ್ಕರನ್ನು ಡಿಸ್ಚಾರ್ಜ್ ಪತ್ರಕ್ಕೆ ಅಂಟಿಸಿ ಕೊಡುತ್ತೇನೆ. ಕೋಬಾಲ್ಟ್-ಕ್ರೋಮ್ ಇದ್ದರೆ ಮುಂದಿನ ಎಂಆರ್‌ಐನಲ್ಲಿ ಆ ಜಾಗವೆಲ್ಲ ಕಪ್ಪಾಗಿ ಕಾಣುತ್ತದೆ, ಟೈಟಾನಿಯಂ ಆದರೆ ಅಷ್ಟಿಲ್ಲ. ಸ್ಕ್ಯಾನ್ ಮಾಡುವವರಿಗೆ ಆ ಸ್ಟಿಕ್ಕರ್ ಮೊದಲೇ ತೋರಿಸಿದರೆ ಅವರು ಅದಕ್ಕೆ ತಕ್ಕಂತೆ ಯಂತ್ರ ಹೊಂದಿಸಿಕೊಳ್ಳುತ್ತಾರೆ.