ಲಾರ್ಡ್ ಆಫ್ ದಿ ರಿಂಗ್ಸ್ ಸಂಗೀತವನ್ನು ಎಲ್ಲಿಂದ ಶುರು ಮಾಡಬೇಕು, ಹೇಗೆ ಕೇಳಬೇಕು

ಲಾರ್ಡ್ ಆಫ್ ದಿ ರಿಂಗ್ಸ್ ಸಿನಿಮಾಗಳಲ್ಲಿ ಯಾವ ಟ್ರ್ಯಾಕ್ ಚೆನ್ನಾಗಿದೆ ಅಂತ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಎಲ್ಲಾ ಒಳ್ಳೆಯವೇ. ಆದರೆ ಆ ಹತ್ತನ್ನೂ ಒಂದು ಪ್ಲೇಲಿಸ್ಟ್‌ಗೆ ತುಂಬಿ ಶಫಲ್ ಒತ್ತಿದರೆ ಅರ್ಧ ಮಜಾ ಅಲ್ಲೇ ಹೋಯಿತು. ಸಂಗೀತ ಕೊಟ್ಟ ಹೋವರ್ಡ್ ಶೋರ್ ಇದನ್ನು ಬಿಡಿಬಿಡಿ ಹಾಡುಗಳಾಗಿ ಮಾಡಿಲ್ಲ. ಒಂದೊಂದು ನಾಡಿಗೆ, ಒಂದೊಂದು ಜನಕ್ಕೆ, ಕೊನೆಗೆ ಕತೆಯ ನಡುವಿರುವ ಆ ಉಂಗುರಕ್ಕೂ ಒಂದೊಂದು ಧಾಟಿ ಕೊಟ್ಟು, 2001, 2002, 2003ರ ಮೂರು ಸಿನಿಮಾಗಳ ಉದ್ದಕ್ಕೂ ಅವನ್ನು ಬೆಳೆಸಿ, ಮುರಿದು, ಮತ್ತೆ ಕಟ್ಟಿದ್ದಾರೆ. ಹಾಗಾಗಿ ನಾನು ಹೇಳುವುದು ಇಷ್ಟೇ: ಒಂದು ಧಾಟಿ ಹಿಡಿಯಿರಿ, ಅದರ ಬೆನ್ನು ಹತ್ತಿ.

ಮೊದಲು ಯಾವ ಆಲ್ಬಂ ಅನ್ನೋದು. ಒಂದೊಂದು ಸಿನಿಮಾಗೆ ಎರಡು ಥರ ಸಿಗುತ್ತವೆ. ಸಿನಿಮಾ ಬಂದಾಗಲೇ ಬಿಟ್ಟ ಒಂದೊಂದು ಡಿಸ್ಕಿನ ಆಲ್ಬಂ ಒಂದು, 2005ರಿಂದ 2007ರ ನಡುವೆ ಬಂದ 'ಕಂಪ್ಲೀಟ್ ರೆಕಾರ್ಡಿಂಗ್ಸ್' ಇನ್ನೊಂದು. ಎರಡನೆಯದು ಮೂರೂ ಸೇರಿ ಹತ್ತಿರ ಹತ್ತಿರ ಹತ್ತು ಗಂಟೆ. ಹೊಸಬರು ಅದಕ್ಕೆ ಈಗಲೇ ಕೈಹಾಕಬೇಡಿ, ಸುಮ್ನೆ ಸುಸ್ತಾಗುತ್ತೀರಿ.

ಶುರು ಮಾಡಲು ಮೊದಲ ಸಿನಿಮಾದ ಆಲ್ಬಂನಿಂದ 'ಕನ್ಸರ್ನಿಂಗ್ ಹಾಬಿಟ್ಸ್' ಹಾಕಿ. ಹಾಬಿಟ್ ಅಂದರೆ ಕತೆಯ ಪುಟ್ಟ ಜನ, ಇದು ಅವರ ಊರಿನ ಧಾಟಿ. ಎಲ್ಲರಿಗೂ ಗೊತ್ತಿರುವ ಟ್ರ್ಯಾಕ್, ನಿಜ, ಆದರೆ ಈ ಸಲ ಹಿನ್ನೆಲೆಯಲ್ಲಿ ಹಾಕಿಕೊಂಡು ಬೇರೆ ಕೆಲಸ ಮಾಡಬೇಡಿ. ಟಿನ್ ವಿಸಲ್‌ನಲ್ಲಿ, ಅಂದರೆ ಸಣ್ಣ ಲೋಹದ ಕೊಳಲಿನಲ್ಲಿ, ಬರುವ ಆ ಧಾಟಿಯನ್ನು ಬಾಯಲ್ಲಿ ಗುನುಗಿ ನೋಡಿ: ಸ ರಿ ಗ ಪ ಗ ರಿ ಸ. ಅಷ್ಟೇ. ಮಗುವೂ ಹಾಡಬಹುದು. ಆಮೇಲೆ ಪಿಟೀಲು ಅದನ್ನೇ ಎತ್ತಿಕೊಳ್ಳುತ್ತದೆ, ಈಗ ಕಾಲು ತಾಳ ಹಾಕಲು ಶುರುವಾಗುತ್ತದೆ. ಈ ಏಳು ಸ್ವರ ಬಾಯಿಗೆ ಬಂದ ಮೇಲೆ ನೇರ ಅದೇ ಆಲ್ಬಂನ ಕೊನೆಯ ಕಡೆಗೆ ಹೋಗಿ, 'ದಿ ಬ್ರೇಕಿಂಗ್ ಆಫ್ ದಿ ಫೆಲೋಶಿಪ್' ಕೇಳಿ. ಅಲ್ಲಿ ಕುಣಿತವಿಲ್ಲ, ವೇಗ ಇಳಿದಿದೆ, ಕೊನೆಗೆ ಒಬ್ಬ ಹುಡುಗನ ದನಿ 'ಇನ್ ಡ್ರೀಮ್ಸ್' ಅಂತ ಹಾಡುತ್ತದೆ. ಅದೇ ಧಾಟಿ! ಊರಲ್ಲಿ ಕುಣಿದಿದ್ದ ರಾಗ ಊರು ಬಿಟ್ಟವರ ಬಾಯಲ್ಲಿ ಪ್ರಾರ್ಥನೆಯ ಹಾಗೆ ಆಗಿಬಿಟ್ಟಿದೆ. ಆಮೇಲೆ ಮೂರನೇ ಸಿನಿಮಾದ 'ದಿ ಗ್ರೇ ಹೇವನ್ಸ್'. ಜೇಮ್ಸ್ ಗಾಲ್ವೇ ಕೊಳಲು. ಈ ಮೂರನ್ನು ಒಂದರ ಹಿಂದೆ ಒಂದು ಕೇಳಿದರೆ ಇಡೀ ಕತೆಯೇ ಒಂದು ಸುತ್ತು ಬಂದ ಹಾಗೆ.

ಎರಡನೆಯದು ಫೆಲೋಶಿಪ್ ಧಾಟಿ, ಅಂದರೆ ಉಂಗುರ ನಾಶ ಮಾಡಲು ಹೊರಟ ಒಂಬತ್ತು ಜನರ ತಂಡದ್ದು. ನನ್ನ ಲೆಕ್ಕದಲ್ಲಿ ಶೋರ್ ಅವರ ದೊಡ್ಡ ಕೈಚಳಕ ಇರುವುದು ಇಲ್ಲೇ. ಅದರ ಶುರು ಸ ನಿ ಸ: ಒಂದು ಹೆಜ್ಜೆ ಇಳಿದು, ಮತ್ತೆ ಅಲ್ಲಿಗೇ ವಾಪಸ್. ಸಿನಿಮಾ ನೋಡುತ್ತಾ ಇದನ್ನು ಹುಡುಕಿ. ಹಾಬಿಟ್‌ಗಳಾದ ಫ್ರೋಡೋ, ಸ್ಯಾಮ್ ಇಬ್ಬರೇ ಹೊರಟಾಗ ಬರೀ ತುಣುಕು ಕೇಳಿಸುತ್ತದೆ. ಎಲ್ಫ್ ಜನರ ನಾಯಕ ಎಲ್ರಂಡ್‌ನ ಸಭೆಯಲ್ಲಿ ಒಂಬತ್ತು ಜನ ಒಟ್ಟಾದಾಗಲೇ ಅದು ಮೊದಲ ಸಲ ಪೂರ್ತಿ ಬರುವುದು. ಆಲ್ಬಂನಲ್ಲಿ ಬೇಕಾದರೆ 'ದಿ ರಿಂಗ್ ಗೋಸ್ ಸೌತ್' ಹಾಕಿ, ಹಿತ್ತಾಳೆ ವಾದ್ಯಗಳೆಲ್ಲ ಸೇರಿ ಎದೆ ಉಬ್ಬಿಸುತ್ತವೆ. ಹಾಗೇ ಮುಂದೆ ಹೋಗಿ 'ದಿ ಬ್ರಿಡ್ಜ್ ಆಫ್ ಖಜಾದ್ ಡೂಮ್' ಕೇಳಿ. ಗಂಡಸರ ದಪ್ಪ ದನಿಯ ಕೋರಸ್ ಕುಬ್ಜರ ಭಾಷೆಯಲ್ಲಿ ಗುಡುಗುತ್ತಾ ಇರುತ್ತದೆ, ನಡುವೆ ಫೆಲೋಶಿಪ್ ಧಾಟಿ ಓಡುತ್ತಾ ಬರುತ್ತದೆ, ತಂಡದ ಮಾಂತ್ರಿಕ ಗ್ಯಾಂಡಾಲ್ಫ್ ಬೀಳುತ್ತಾನೆ, ಎಲ್ಲಾ ನಿಂತುಹೋಗಿ ಬರೀ ದುಃಖದ ಆಲಾಪ ಉಳಿಯುತ್ತದೆ. ಇದಾದ ಮೇಲೆ ಆ ಧಾಟಿ ಮೊದಲಿನ ದರ್ಪದಲ್ಲಿ ಸಿಗುವುದು ಅಪರೂಪ. ತಂಡವೇ ಒಡೆದಿದೆ, ರಾಗ ಮಾತ್ರ ಹೇಗೆ ಗಟ್ಟಿಯಾಗಿರುತ್ತದೆ?

ಐಸೆಂಗಾರ್ಡ್ ಅಂದರೆ ಖಳ ಮಾಂತ್ರಿಕ ಸಾರುಮಾನನ ಕೋಟೆ. ಅದರ ಧಾಟಿಯನ್ನು ಕಿವಿಗಿಂತ ಬೆರಳಿನಿಂದ ಹಿಡಿಯುವುದು ಸುಲಭ. ಮೇಜಿನ ಮೇಲೆ ಎಣಿಸಿ: ಒಂದು, ಎರಡು, ಮೂರು, ನಾಲ್ಕು, ಐದು, ಮತ್ತೆ ಒಂದು. ನಾಲ್ಕರ ಎಣಿಕೆಗೆ ಒಗ್ಗಿದ ಕಿವಿಗೆ ಇದು ಎಡವಿದ ಹಾಗೆ ಅನಿಸುತ್ತದೆ, ನಮ್ಮ ಸಂಗೀತದ ಐದರ ಎಣಿಕೆ, ಖಂಡ ನಡೆ, ಗೊತ್ತಿದ್ದವರಿಗೆ ಮಾತ್ರ ತಟ್ಟನೆ ಹೊಳೆಯುತ್ತದೆ. ಮೇಲೆ ಕಮ್ಮಾರನ ಅಡಿಗಲ್ಲಿನಂಥ ಕಬ್ಬಿಣಕ್ಕೆ ಬಡಿದ ಸದ್ದು, ಸರಪಳಿಯ ಸದ್ದು. ಕಾರ್ಖಾನೆ ಅಲ್ವಾ ಅದು.

ಮನುಷ್ಯರ ದೊಡ್ಡ ರಾಜ್ಯ ಗೊಂಡೋರ್‌ನ ಧಾಟಿಗೆ ಸ್ವಲ್ಪ ತಾಳ್ಮೆ ಬೇಕು. ಮೊದಲ ಸಿನಿಮಾದಲ್ಲಿ ಆ ರಾಜ್ಯದ ಬೊರೊಮಿರ್ ಎಲ್ರಂಡ್‌ನ ಸಭೆಯಲ್ಲಿ ಮಾತಾಡುವಾಗ ಹಾರ್ನ್‌ನಲ್ಲಿ ಒಂದು ಸಲ ಇಣುಕಿ ಹೋಗುತ್ತದೆ. ಗಮನಿಸಿದವರು ಕಡಿಮೆ. ಎರಡು ವರ್ಷ ಬಿಟ್ಟು, ಮೂರನೇ ಸಿನಿಮಾದಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹತ್ತಿಸುವ ದೃಶ್ಯದಲ್ಲಿ ಅದೇ ಧಾಟಿ ಇಡೀ ವಾದ್ಯವೃಂದದ ಬಲದಿಂದ ಏರುತ್ತದೆ. ಆಲ್ಬಂನಲ್ಲಿ ಇದರ ಹೆಸರು 'ದಿ ವೈಟ್ ಟ್ರೀ'. ದಯವಿಟ್ಟು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಒಳ್ಳೆಯ ಹೆಡ್‌ಫೋನ್ ಹಾಕಿ, ಶುರುವಿನಲ್ಲಿ ಮೆಲ್ಲಗಿದೆ ಅಂತ ವಾಲ್ಯೂಮ್ ಏರಿಸಬೇಡಿ, ಕೊನೆಗೆ ಕಿವಿ ಹಿಡಿದುಕೊಳ್ಳಬೇಕಾಗುತ್ತದೆ.

ಕುದುರೆ ಸವಾರರ ನಾಡು ರೋಹನ್‌ಗೆ ಹಾರ್ಡಂಗರ್ ಪಿಟೀಲು ಬಳಸಿದ್ದಾರೆ, ಅದು ನಾರ್ವೆಯದು. ನುಡಿಸುವ ತಂತಿಗಳ ಕೆಳಗೆ ಇನ್ನಷ್ಟು ತಂತಿಗಳಿದ್ದು ಅವು ತಾವಾಗಿಯೇ ಮಿಡಿಯುತ್ತವೆ, ಅದಕ್ಕೇ ಆ ಗಾಳಿ ಬೀಸುವ ಬಯಲಿನ ದನಿ. ಎಲ್ಫ್ ಜನರ ಕಾಡು ಲೋತ್ಲೋರಿಯನ್ ಬರುವ ಭಾಗದಲ್ಲಿ ನಮ್ಮ ಸಾರಂಗಿಯೂ ಇದೆ, ಕಿವಿಗೊಟ್ಟು ಹುಡುಕಿ.

ಹಾಡುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಇಂಟು ದಿ ವೆಸ್ಟ್'ಗೆ ಆಸ್ಕರ್ ಬಂತು, ಆನಿ ಲೆನಾಕ್ಸ್ ಚೆನ್ನಾಗಿ ಹಾಡಿದ್ದಾರೆ. ಆದರೂ ನನಗೆ 'ಗೊಲಮ್ಸ್ ಸಾಂಗ್' ಮೇಲೆಯೇ ಒಲವು. ಎಮಿಲಿಯಾನಾ ಟೊರಿನಿ ದನಿಯಲ್ಲಿ ಸಿಟ್ಟೂ ಇದೆ, ಅಳುವೂ ಇದೆ.

ಇಷ್ಟು ಧಾಟಿಗಳು ಕಿವಿಯಲ್ಲಿ ನಿಂತ ಮೇಲೆ ಕಂಪ್ಲೀಟ್ ರೆಕಾರ್ಡಿಂಗ್ಸ್‌ಗೆ ಇಳಿಯಿರಿ. ದಿನಕ್ಕೆ ಒಂದೇ ಡಿಸ್ಕ್ ಸಾಕು, ಸಿನಿಮಾದ ಕ್ರಮದಲ್ಲೇ ಕೇಳಿ. ಉಂಗುರದ ಧಾಟಿಯನ್ನು ನಾನು ಬೇಕಂತಲೇ ಇಲ್ಲಿ ಬಿಟ್ಟಿದ್ದೇನೆ. ಮೊದಲ ಸಿನಿಮಾದ ಹೆಸರು ಪರದೆ ಮೇಲೆ ಬರುವಾಗ ಪಿಟೀಲುಗಳಲ್ಲಿ ಸುಳಿಯುವುದು ಅದೇ. ಅಲ್ಲಿಂದ ಮುಂದೆ ಅದು ಎಲ್ಲೆಲ್ಲಿ ತಲೆ ಎತ್ತುತ್ತದೆ ಅಂತ ನೀವೇ ಪತ್ತೆ ಮಾಡಿ.