ಗುಡ್ಡದ ಮಗ್ಗುಲಿನ ಮನೆಯನ್ನು ಮಳೆಗಾಲಕ್ಕೆ ಅಣಿಗೊಳಿಸುವ ಬಗೆ

ಕೊಡಗು, ಮಲೆನಾಡು ಮತ್ತು ಕರಾವಳಿಯ ಮನೆಗಳಿಗೆ ಮಳೆಗಾಲದ ಸಿದ್ಧತೆ ಹೊಸದೇನಲ್ಲ. ಮಾಡಿನ ಹಂಚು ಕೈಯಾಡಿಸುವುದು, ಒಣ ಕಟ್ಟಿಗೆ ಒಟ್ಟುವುದು, ಹಪ್ಪಳ ಸಂಡಿಗೆಗಳನ್ನು ಡಬ್ಬಿಗೆ ತುಂಬುವುದು ಮೇ ತಿಂಗಳಿನೊಳಗೆ ಮುಗಿಯುತ್ತವೆ. ಇವೆಲ್ಲ ಮನೆಯೊಳಗೆ ಬೆಚ್ಚಗಿರಲು ಮಾಡಿಕೊಳ್ಳುವ ಸಿದ್ಧತೆಗಳು. ಧರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಮನೆ ಕಟ್ಟಿಕೊಂಡವರು ಇದರ ಜೊತೆಗೆ, ಅಗತ್ಯ ಬಿದ್ದಾಗ ಮನೆ ಬಿಟ್ಟು ಹೊರಡುವುದಕ್ಕೂ ಸಿದ್ಧರಾಗಿರಬೇಕು. ಈ ಲೇಖನದ ಹೆಚ್ಚಿನ ಭಾಗ ಅದಕ್ಕೆ ಸಂಬಂಧಿಸಿದ್ದು.

ಮೊದಲು ಕಾಲದ ವಿಚಾರ. ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಜರಿದದ್ದು 2018ರ ಆಗಸ್ಟ್ ಮಧ್ಯಭಾಗದಲ್ಲಿ. ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದು 2020ರ ಆಗಸ್ಟ್ ಮೊದಲ ವಾರದಲ್ಲಿ. ಅಂಕೋಲಾ ತಾಲ್ಲೂಕಿನ ಶಿರೂರಿನ ದುರಂತ 2024ರ ಜುಲೈ 16ರಂದು, ಪಕ್ಕದ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದ ದುರಂತ ಅದೇ ಜುಲೈ 30ರಂದು. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ ಇವೆಲ್ಲವೂ ಪುನರ್ವಸುವಿನಿಂದ ಮಘೆಯ ಆರಂಭದ ನಡುವೆ ಬರುತ್ತವೆ. ಮೃಗಶಿರ, ಆರಿದ್ರಾ ಮಳೆಗಳನ್ನು ಮಣ್ಣು ಕುಡಿದು ತುಂಬಿಕೊಂಡ ಮೇಲೆ ಬೀಳುವ ಜಡಿಮಳೆಗೆ ಒಳಗೆ ಜಾಗವಿರುವುದಿಲ್ಲ. ನೀರು ಮಣ್ಣಿನ ಕಣಗಳನ್ನು ಬಿಡಿಸಿ, ಭಾರ ಹೆಚ್ಚಿಸಿ, ಗುಡ್ಡವನ್ನೇ ಕೆಳಕ್ಕೆ ತಳ್ಳುತ್ತದೆ. ಆದ್ದರಿಂದ ಜೂನ್ ತಿಂಗಳು ಸುಸೂತ್ರವಾಗಿ ಕಳೆಯಿತೆಂದು ಎಚ್ಚರ ಸಡಿಲಿಸಬಾರದು.

ಬೇಸಿಗೆಯಲ್ಲಿಯೇ ಮುಗಿಸಬೇಕಾದ ಕೆಲಸ ಧರೆಯದು. ಧರೆಯ ನೆತ್ತಿಯ ಮೇಲೆ ಅಡ್ಡಲಾಗಿ ಅಗಳು (ಕಾಲುವೆ) ತೆಗೆದು, ಮೇಲಿನಿಂದ ಹರಿದುಬರುವ ನೀರನ್ನು ಮನೆಯ ಒಂದು ಮಗ್ಗುಲಿನ ಗಟ್ಟಿ ಹಳ್ಳಕ್ಕೆ ತಿರುಗಿಸಬೇಕು. ಅಗಳು ಈಗಾಗಲೇ ಇದ್ದರೆ ಅದರಲ್ಲಿ ತುಂಬಿದ ದರಗನ್ನೂ (ಒಣಗಿದ ಎಲೆ) ಮಣ್ಣನ್ನೂ ಎತ್ತಬೇಕು, ಏಕೆಂದರೆ ಕಟ್ಟಿಕೊಂಡ ಅಗಳಿನಲ್ಲಿ ನಿಂತ ನೀರು ಧರೆಯೊಳಗೇ ಇಳಿಯುತ್ತದೆ. ಇದೇ ಕಾರಣಕ್ಕೆ ಕಡಿದಾದ ಇಳಿಜಾರಿನಲ್ಲಿ ಮನೆಯ ಮೇಲ್ಭಾಗದಲ್ಲಿ ಇಂಗುಗುಂಡಿ ತೋಡುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಬಯಲುಸೀಮೆಗೆ ವರವಾದ ಈ ಕೆಲಸ ಇಲ್ಲಿ ಗುಡ್ಡಕ್ಕೆ ಕೈಯಾರೆ ನೀರುಣಿಸಿದಂತೆಯೇ ಸರಿ. ತಡೆಗೋಡೆ ಕಟ್ಟಿಸಿದ್ದರೆ ಅದರಲ್ಲಿ ನೀರು ಬಸಿದುಹೋಗಲು ಬಿಟ್ಟ ತೂತುಗಳು ತೆರೆದಿವೆಯೇ ಎಂದು ಕೋಲು ಹಾಕಿ ನೋಡಬೇಕು. ತೂತಿಲ್ಲದ ಗೋಡೆಯ ಹಿಂದೆ ನೀರು ಒತ್ತಿಕೊಂಡು, ಗೋಡೆ ಮಣ್ಣಿನೊಡನೆ ತಾನೂ ಮನೆಯ ಮೇಲೆ ಬೀಳುತ್ತದೆ. ಹೊಸದಾಗಿ ಕಡಿದ ಬೋಳು ಧರೆಗೆ ಈ ವರ್ಷ ಟಾರ್ಪಾಲು ಹೊದಿಸಿ, ಮಳೆ ಹಿಡಿದೊಡನೆ ಲಾವಂಚ ನೆಡಬಹುದು, ಆದರೆ ಅದರ ಬೇರು ಮಣ್ಣನ್ನು ಹಿಡಿಯಲು ಕಾಲ ಬೇಕು. ಮನೆಯೊಳಗೆ ಮಾಡಬಹುದಾದ ಅತ್ಯಂತ ಅಗ್ಗದ ಬದಲಾವಣೆ ಎಂದರೆ ಧರೆಗೆ ತಾಗಿದ ಹಿಂದಿನ ಕೋಣೆಯನ್ನು ಸಾಮಾನಿಗೆ ಬಿಟ್ಟು, ಮಳೆಗಾಲ ಮುಗಿಯುವವರೆಗೆ ಎಲ್ಲರೂ ಮುಂದಿನ ಕೋಣೆಯಲ್ಲಿ ಮಲಗುವುದು.

ಎರಡನೆಯದು ಮಳೆಯನ್ನು ಅಳೆಯುವುದು. ತೋಟದ ಮನೆಗಳಲ್ಲಿ ಮಳೆಮಾಪಕವಿಟ್ಟು ದಿನವೂ ಇಂಚು, ಸೆಂಟುಗಳಲ್ಲಿ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು) ಲೆಕ್ಕ ಬರೆದಿಡುವ ರೂಢಿ ಬಹಳ ಹಿಂದಿನದು. ಇದನ್ನು ಕೃಷಿಗೆ ಮಾತ್ರ ಬಳಸದೆ ಸುರಕ್ಷತೆಗೂ ಬಳಸಬೇಕು. ಮಾಪಕವಿಲ್ಲದವರು ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ತಳ ಚಪ್ಪಟೆಯಾದ ಡಬ್ಬಿಯನ್ನು ಮರದ ಮತ್ತು ಮಾಡಿನ ಹನಿ ಬೀಳದ ಬಯಲಿನಲ್ಲಿ ಕಂಬಕ್ಕೆ ಕಟ್ಟಿ, ಸ್ಕೇಲಿನಿಂದ ಅಳೆದರೂ ಸಾಕು. ಹವಾಮಾನ ಇಲಾಖೆಯ ದಿನ ಬೆಳಗಿನ 8.30ಕ್ಕೆ ಆರಂಭವಾಗುವುದರಿಂದ ಆ ಹೊತ್ತಿಗೇ ಅಳೆದು ಚೆಲ್ಲುವುದು ಒಳ್ಳೆಯದು. ಇಲಾಖೆಯ ಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗಿನದು ಭಾರೀ ಮಳೆ, 204.4ರವರೆಗಿನದು ಅತಿ ಭಾರೀ ಮಳೆ, ಅದಕ್ಕೂ ಮೀರಿದ್ದು ವಿಪರೀತ ಮಳೆ. ನಮ್ಮ ಲೆಕ್ಕಕ್ಕೆ ತಂದರೆ ಇವು ಸುಮಾರು ಎರಡೂವರೆ, ನಾಲ್ಕೂವರೆ ಮತ್ತು ಎಂಟು ಇಂಚಿನ ಗಡಿಗಳು. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಇಡೀ ಜಿಲ್ಲೆಗೆ ಕೊಡುವುದರಿಂದ ನಿಮ್ಮ ಊರಿನ ಸ್ಥಿತಿಯನ್ನು ಕೇಳಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ 92433 45433 ಇದೆ. ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಯಾವಾಗ ಹೊರಡಬೇಕು ಎಂಬುದನ್ನು ಮಳೆ ಸುರಿಯುವಾಗ ಚರ್ಚಿಸಿದರೆ ಯಾವ ಮನೆಯಲ್ಲಿಯೂ ಒಮ್ಮತ ಮೂಡುವುದಿಲ್ಲ. ಅಜ್ಜನಿಗೆ ದನ ಬಿಟ್ಟು ಬರಲು ಮನಸ್ಸಿರುವುದಿಲ್ಲ, ಒಬ್ಬರು ಇನ್ನೊಂದು ಗಂಟೆ ನೋಡೋಣ ಎನ್ನುತ್ತಾರೆ, ಅಷ್ಟರಲ್ಲಿ ಕರೆಂಟು ಹೋಗಿ ಕತ್ತಲಾಗಿರುತ್ತದೆ. ಈ ತೀರ್ಮಾನವನ್ನು ಮೇ ತಿಂಗಳಿನಲ್ಲಿಯೇ, ಮನೆಮಂದಿಯೆಲ್ಲ ಕೂತು, ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಡಬೇಕು. ಇಂಥ ಗುಡ್ಡ ಇಷ್ಟೇ ಇಂಚಿಗೆ ಜರಿಯುತ್ತದೆ ಎಂದು ಯಾರೂ ಹೇಳಲಾರರು. ಮಣ್ಣು, ಇಳಿಜಾರು, ಕಡಿತದ ಎತ್ತರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೂ ನಾನು ಸೂಚಿಸುವ ಸರಳ ನಿಯಮ ಹೀಗಿದೆ: ಜಿಲ್ಲೆಗೆ ಕೆಂಪು ಎಚ್ಚರಿಕೆ ಇದ್ದ ದಿನ, ಅಥವಾ ಸತತ ಎರಡು ದಿನ ಭಾರೀ ಮಳೆಯಾಗಿ ಮೂರನೆಯ ದಿನದ ಮಧ್ಯಾಹ್ನದೊಳಗೇ ಮಾಪಕ ಎರಡೂವರೆ ಇಂಚು ದಾಟಿದರೆ, ಸಂಜೆ ನಾಲ್ಕರೊಳಗೆ ಮನೆ ಬಿಡುವುದು. ಬಿಟ್ಟ ರಾತ್ರಿ ಏನೂ ಆಗದಿದ್ದರೆ ಬೆಳಿಗ್ಗೆ ಮರಳಿ ಬಂದು ಕೊಟ್ಟಿಗೆ ಕೆಲಸ ಮಾಡಿದರಾಯಿತು. ಹತ್ತು ಸಲ ವ್ಯರ್ಥವಾಗಿ ಹೋದರೂ ನೆರೆಹೊರೆಯವರ ನಗುವಿಗಿಂತ ಹೆಚ್ಚಿನ ನಷ್ಟವೇನಿಲ್ಲ.

ಕೆಲವು ಸೂಚನೆಗಳು ಕಂಡರೆ ಈ ನಿಯಮವನ್ನೂ ಮೀರಿ ಆ ಕ್ಷಣವೇ ಹೊರಡಬೇಕು. ಗುಡ್ಡದಿಂದ ತಿಳಿಯಾಗಿ ಹರಿದುಬರುತ್ತಿದ್ದ ಅಬ್ಬಿಯ ನೀರು ಒಮ್ಮೆಲೇ ಕೆಂಪಾಗುವುದು ಅಥವಾ ನಿಂತುಹೋಗುವುದು, ಇಲ್ಲದ ಕಡೆ ಒರತೆ ಒಡೆಯುವುದು, ಸುಲಭವಾಗಿ ಹಾಕುತ್ತಿದ್ದ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು, ವಿದ್ಯುತ್ ಕಂಬ ಅಥವಾ ಸಿಲ್ವರ್ ಓಕ್ ಮರಗಳು ಒಂದೇ ಕಡೆಗೆ ವಾಲುವುದು, ನೆಲದೊಳಗಿನಿಂದ ಗುಡುಗಿದಂಥ ಸದ್ದು ಬರುವುದು, ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಇಳಿಯುವುದು ಅಂಥ ಸೂಚನೆಗಳು. ಕೊನೆಯದನ್ನು ಜನ ಸಮಾಧಾನದ ಸಂಗತಿಯೆಂದು ತಪ್ಪಾಗಿ ತಿಳಿಯುತ್ತಾರೆ. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿದೆ ಎಂಬುದು ಅದರ ಅರ್ಥವಿರಬಹುದು. ಅಂಗಳದಲ್ಲಿ ಅಥವಾ ತೋಟದಲ್ಲಿ ಬಿರುಕು ಕಂಡರೆ ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವಿನ ಅಂತರವನ್ನು ಬೆಳಿಗ್ಗೆ ಸಂಜೆ ಟೇಪಿನಿಂದ ಅಳೆದು ತಾರೀಖಿನೊಡನೆ ಬರೆದಿಡಬೇಕು. ಬಿರುಕಿಗೆ ಜೇಡಿಮಣ್ಣು ತುಂಬಿ ಮೇಲೆ ಪ್ಲಾಸ್ಟಿಕ್ ಹಾಸಬೇಕು. ಗೂಟಗಳ ಅಂತರ ಬೆಳೆಯುತ್ತಿದ್ದರೆ ಮನೆ ಖಾಲಿ ಮಾಡಿ ಗ್ರಾಮ ಪಂಚಾಯಿತಿಗೂ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೂ ತಿಳಿಸಬೇಕು.

ಎಲ್ಲಿಗೆ ಹೋಗುವುದು, ಯಾವ ದಾರಿಯಲ್ಲಿ ಹೋಗುವುದು ಎಂಬುದನ್ನೂ ಮೊದಲೇ ಗೊತ್ತುಮಾಡಿ ಒಮ್ಮೆ ನಡೆದು ನೋಡಬೇಕು. ಕಾಲುಸಂಕ (ಹಳ್ಳದ ಮೇಲಿನ ಕಿರುಸೇತುವೆ) ದಾಟಬೇಕಾದ, ಹಳ್ಳದ ಗುಂಟ ಸಾಗುವ ದಾರಿ ಎಷ್ಟು ಹತ್ತಿರವಾದರೂ ಬೇಡ. ನೆಂಟರ ಮನೆ ಹಳ್ಳದ ಆಚೆ ದಡದಲ್ಲಿದ್ದರೆ ಅದೂ ಸುರಕ್ಷಿತವೆಂದುಕೊಳ್ಳಬಾರದು. ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಜರಿದ ಗುಡ್ಡ ಗಂಗಾವಳಿ ನದಿಗೆ ಬಿದ್ದಾಗ ಎದ್ದ ನೀರಿನ ಅಲೆ ಎದುರು ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ತಾಲ್ಲೂಕು ಆಡಳಿತ ತೆರೆಯುವ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ಎಂದು ವಿಚಾರಿಸಿಟ್ಟುಕೊಳ್ಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ. ಹಠಾತ್ತನೆ ಮಣ್ಣು ಬರುವ ಸದ್ದು ಕೇಳಿದರೆ ಕೆಳಕ್ಕೆ ಓಡದೆ ಅಡ್ಡಲಾಗಿ, ಎತ್ತರದ ಕಡೆಗೆ ಸರಿಯಬೇಕು. ಒಂದು ಸಲ ಕುಸಿದ ಮೇಲೆ ಸಾಮಾನಿಗೆಂದು ಹಿಂದಿರುಗಬಾರದು. ವಯನಾಡಿನಲ್ಲಿ ಮೊದಲ ಕುಸಿತದ ಕೆಲವೇ ಗಂಟೆಗಳಲ್ಲಿ ಎರಡನೆಯದು ಬಂತು.

ಚೀಲದ ವಿಷಯ ಚಿಕ್ಕದು. ಬಾಗಿಲ ಬಳಿಯ ಮೊಳೆಗೆ ನೇತುಹಾಕಿದ ಒಂದೇ ಚೀಲ ಸಾಕು: ಆಧಾರ್, ಪಡಿತರ ಚೀಟಿ, ಪಹಣಿ, ಪಾಸ್‌ಪುಸ್ತಕಗಳನ್ನು ಜಿಪ್ ಕವರಿನಲ್ಲಿ, ಅವುಗಳ ಪ್ರತಿಯನ್ನು ಡಿಜಿಲಾಕರಿನಲ್ಲಿ, ಹದಿನೈದು ದಿನದ ಔಷಧಿ, ಟಾರ್ಚು, ಪವರ್ ಬ್ಯಾಂಕ್, ಸೆಲ್ಲಿನ ರೇಡಿಯೋ, ಚಿಲ್ಲರೆ ನೋಟುಗಳು, ಅವಲಕ್ಕಿ, ಹುರಿಗಡಲೆ, ಬೆಲ್ಲ. ಒಲೆ ಹೊತ್ತಿಸಲಾಗದ ರಾತ್ರಿಯಲ್ಲಿ ಅಟ್ಟದ ಮೇಲಿನ ಅಕ್ಕಿ ಮೂಟೆಗಿಂತ ಒಂದು ಸೇರು ಅವಲಕ್ಕಿ ಮೇಲು. ಹೊರಡದೆ ದಾರಿ ಕಡಿದು ಮನೆಯಲ್ಲಿಯೇ ಉಳಿಯಬೇಕಾದರೆ, ತಲೆಗೆ ದಿನಕ್ಕೆ ಮೂರು ಲೀಟರಿನಂತೆ ಮೂರು ದಿನದ ಕುಡಿಯುವ ನೀರು ತುಂಬಿಡಬೇಕು. ನಾಲ್ವರಿಗೆ 36 ಲೀಟರ್. ಹೆರಿಗೆ ಹತ್ತಿರವಿರುವವರನ್ನೂ ಡಯಾಲಿಸಿಸ್ ಬೇಕಾದವರನ್ನೂ ಜುಲೈ ಆರಂಭದಲ್ಲಿಯೇ ಆಸ್ಪತ್ರೆಗೆ ಸಮೀಪದ ನೆಂಟರ ಮನೆಗೆ ಕಳುಹಿಸುವುದು ಮೇಲು.

ಹೊರಡುವ ಮುನ್ನ ಮೇನ್ ಸ್ವಿಚ್ ಆರಿಸಿದರೆ ಸಾಲದು. ಇನ್ವರ್ಟರ್ ಇದ್ದ ಮನೆಯಲ್ಲಿ ಅದನ್ನೂ ಪ್ರತ್ಯೇಕವಾಗಿ ಆರಿಸದಿದ್ದರೆ ತಂತಿಗಳಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ನೀರಿನಲ್ಲಿ ನಿಂತು ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ ಕಳಚಬೇಕು. ದನಗಳ ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದಿಡಬೇಕು. ಕಟ್ಟಿಹಾಕಿದ ದನಕ್ಕೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಒಬ್ಬ ನೆಂಟರನ್ನು ಗೊತ್ತುಮಾಡಿ, ಎಲ್ಲರೂ ಅವರಿಗೇ ಸಂದೇಶ ಕಳುಹಿಸುವುದೆಂದು ನಿಶ್ಚಯಿಸಬೇಕು; ಕರೆ ಹೋಗದ ದುರ್ಬಲ ಸಿಗ್ನಲ್‌ನಲ್ಲಿಯೂ ಎಸ್ಸೆಮ್ಮೆಸ್ ಹೋಗುವುದುಂಟು. ತುರ್ತು ನೆರವಿಗೆ 112, ತುಂಡಾದ ತಂತಿಗೆ 1912.

ಮರಳಿ ಬಂದಾಗ ಮನೆಗೆ ಹಾನಿಯಾಗಿದ್ದರೆ ಗುಡಿಸುವುದಕ್ಕೆ ಮೊದಲು ಎಲ್ಲ ಕಡೆಯಿಂದ ಚಿತ್ರ ತೆಗೆದು, ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಮಾಡುವವರೆಗೆ ಸಾಕ್ಷ್ಯ ಅಳಿಯದಂತೆ ನೋಡಿಕೊಳ್ಳಬೇಕು. ಸತ್ತ ದನವನ್ನು ಪಶುವೈದ್ಯರು ಪರೀಕ್ಷಿಸುವ ಮೊದಲು ಹೂಳಿದರೆ ಪರಿಹಾರ ಪಡೆಯುವುದು ಕಷ್ಟ. ಕೆಸರು ಎತ್ತುವಾಗ ಗಂಬೂಟು ಧರಿಸಬೇಕು. ಕಾಲಿನ ಸಣ್ಣ ಗಾಯದಿಂದಲೂ ಇಲಿಜ್ವರ ತಗಲುತ್ತದೆ, ಆಮೇಲೆ ಜ್ವರ ಬಂದರೆ ಕೆಸರಿನಲ್ಲಿ ಇಳಿದಿದ್ದನ್ನು ವೈದ್ಯರಿಗೆ ಹೇಳಬೇಕು. ನೆರೆನೀರು ಹೊಕ್ಕ ಬಾವಿಯನ್ನು ಸಾಧ್ಯವಾದಷ್ಟು ಬತ್ತಿಸಿ, ತಿಳಿನೀರು ಊರಿದ ಮೇಲೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಲೆಕ್ಕದಲ್ಲಿ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ನಂತರ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ, ಕನಿಷ್ಠ ಒಂದು ಗಂಟೆ ಬಿಡಬೇಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರಾಗುತ್ತದೆ, ಅದಕ್ಕೆ 24 ಗ್ರಾಂ ಪುಡಿ ಬೇಕು; ನೀರು ಇನ್ನೂ ರಾಡಿಯಾಗಿದ್ದರೆ ಇದು ಸಾಲದು, ಆಗ ಆರೋಗ್ಯ ಕಾರ್ಯಕರ್ತೆಯರನ್ನು ಕರೆಸಿ ಕ್ಲೋರಿನ್ ಪರೀಕ್ಷೆ ಮಾಡಿಸಿಕೊಂಡು, ಕುಡಿಯುವ ನೀರನ್ನು ಕುದಿಸಿಯೇ ಬಳಸಬೇಕು.