ಬೆರಳಿಗೆ ತಕ್ಕ ಟೀಮ್: ರೆಟ್ರೋ ಬೌಲ್ ನಾನು ಆಡೋ ರೀತಿ

ರೆಟ್ರೋ ಬೌಲ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಗೇಮ್‌ನಲ್ಲಿ ಡಿಫೆನ್ಸ್, ಅಂದ್ರೆ ಎದುರಾಳಿನ ತಡೆಯೋ ಕೆಲಸ, ನಮ್ಮ ಕೈಲಿರಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ನಾನು ಈ ಗೇಮ್ ಆಡೋ ರೀತಿ ಪೂರ್ತಿ ಇದೊಂದರ ಮೇಲೇ ನಿಂತಿರೋದು. ಬಾಲ್ ನಮ್ಮ ಹತ್ರ ಇದ್ದಾಗ ಗ್ರೌಂಡ್‌ಗೆ ಇಳಿದು ನಾವೇ ಎಸೀತೀವಿ, ನಾವೇ ಓಡಿಸ್ತೀವಿ, ಬಾಲ್ ಎದುರಾಳಿ ಕೈಗೆ ಹೋಯ್ತು ಅಂದ್ರೆ ಮಾತ್ರ ಸ್ಕ್ರೀನ್ ಮೇಲೆ ಬರೀ ಅಕ್ಷರ, ಅವರು ಇಷ್ಟು ಯಾರ್ಡ್ ಹೋದ್ರು, ಟಚ್‌ಡೌನ್ ಆಯ್ತು, ಇಲ್ಲಾ ನಮ್ಮೋನು ಬಾಲ್ ಕಿತ್ಕೊಂಡ ಅಂತ ಒಂದೊಂದೇ ಸಾಲು ಬರ್ತಾ ಇರತ್ತೆ, ನಾವು ಓದ್ತಾ ಕೂರ್ಬೇಕು. ತುಂಬಾ ಜನ ಇದನ್ನ ಕೊರತೆ ಅಂತಾರೆ. ನನಗೆ ಈ ಗೇಮ್‌ನ ಜೀವ ಇರೋದೇ ಇಲ್ಲಿ. ಆ ಹೊತ್ತಲ್ಲಿ ಬೆರಳು ಎಷ್ಟೇ ಚುರುಕಿದ್ರೂ ಪ್ರಯೋಜನ ಇಲ್ಲ, ಸೀಸನ್ ಶುರುವಾಗೋಕೆ ಮುಂಚೆ ಯಾರಿಗೆ ಸಂಬಳ ಕೊಟ್ರಿ ಯಾರನ್ನ ಬಿಟ್ರಿ ಅನ್ನೋದೇ ಅಲ್ಲಿ ಆಡತ್ತೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಇದು ಅಮೆರಿಕನ್ ಫುಟ್‌ಬಾಲ್ ಗೇಮ್, 2020ರಲ್ಲಿ ಮೊಬೈಲ್‌ಗೆ ಬಂತು, ಮಾಡಿರೋದು ಇಂಗ್ಲೆಂಡ್‌ನ ಸೈಮನ್ ರೀಡ್ ಶುರು ಮಾಡಿದ ನ್ಯೂ ಸ್ಟಾರ್ ಗೇಮ್ಸ್. ಇವರದ್ದೇ ನ್ಯೂ ಸ್ಟಾರ್ ಸಾಕರ್‌ಗೆ 2013ರಲ್ಲಿ ಬಾಫ್ಟಾ ಅವಾರ್ಡ್ ಬಂದಿತ್ತು, ಅದರಲ್ಲಿ ನೀವು ಒಬ್ಬನೇ ಆಟಗಾರ, ಇದರಲ್ಲಿ ಇಡೀ ಟೀಮ್‌ನ ಕೋಚೂ ನೀವೇ ಮ್ಯಾನೇಜರೂ ನೀವೇ. ನೋಡೋಕೆ 1980ರ ದಶಕದ ಟೆಕ್ಮೋ ಬೌಲ್ ಗೇಮ್ ಥರ ಚೌಕ ಚೌಕ ಪಿಕ್ಸೆಲ್. ಅಮೆರಿಕದ ಅಸಲಿ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇರೋ ಹಾಗೆ 32 ಟೀಮ್ ಇದೆ, ಊರುಗಳೂ ಅವೇ, ಆಟಗಾರರು ಮಾತ್ರ ಕಲ್ಪನೆ. ಲೈಸೆನ್ಸ್ ತಗೊಂಡು ನಿಜವಾದ ಹೆಸರುಗಳ ಜೊತೆ ಮಾಡಿದ ಎನ್‌ಎಫ್‌ಎಲ್ ರೆಟ್ರೋ ಬೌಲ್ '25 ಆಮೇಲೆ 2024ರಲ್ಲಿ ಆಪಲ್ ಆರ್ಕೇಡ್ ಅನ್ನೋ ಆಪಲ್‌ನ ಗೇಮ್ ಸಬ್‌ಸ್ಕ್ರಿಪ್ಷನ್‌ಗೆ ಬಂತು. ನಾನು ಬರೀತಿರೋದು ಹಳೇದರ ಬಗ್ಗೆ.

ರೂಲ್ಸ್ ನೋಡಿ ಹೆದರ್ಕೋಬೇಡಿ. ನಾಲ್ಕು ಅವಕಾಶದಲ್ಲಿ 10 ಯಾರ್ಡ್ ಮುಂದೆ ಹೋಗ್ಬೇಕು, ಹೋದ್ರೆ ಮತ್ತೆ ನಾಲ್ಕು ಅವಕಾಶ, ಹೀಗೇ ಹೋಗ್ತಾ ಹೋಗ್ತಾ ಕೊನೆ ಗೆರೆ ದಾಟಿದ್ರೆ ಟಚ್‌ಡೌನ್, 6 ಪಾಯಿಂಟ್. ಅದಾದ್ಮೇಲೆ ಕಿಕ್ ಹೊಡೆದು ಇನ್ನೊಂದು ಪಾಯಿಂಟ್ ತಗೋಬಹುದು ಇಲ್ಲಾ ಮತ್ತೊಂದು ಸಲ ಗೆರೆ ದಾಟಿ ಎರಡು ತಗೋಬಹುದು. ದೂರದಿಂದ ಕಂಬಗಳ ಮಧ್ಯೆ ಒದ್ರೆ 3. ಆಡೋಕೆ ಇಷ್ಟು ಸಾಕು.

ಎಸೆಯೋದು ಹೇಗೆ ಅಂದ್ರೆ ಸ್ಕ್ರೀನ್ ಮೇಲೆ ಬೆರಳಿಟ್ಟು ಕ್ಯಾಟರ್ ಬಿಲ್ಲು ಎಳೆದ ಹಾಗೆ ಹಿಂದಕ್ಕೆ ಎಳೀಬೇಕು, ಬಾಲ್ ಎಲ್ಲಿಗೆ ಹೋಗತ್ತೆ ಅಂತ ಚುಕ್ಕಿ ಚುಕ್ಕಿ ಗೆರೆ ಕಾಣತ್ತೆ, ಬಿಟ್ರೆ ಬಾಲ್ ಹಾರತ್ತೆ. ಹಿಡಿದೋನು ಓಡ್ತಾ ಇರುವಾಗ ಮೇಲೆ ಕೆಳಗೆ ಸ್ವೈಪ್ ಮಾಡಿದ್ರೆ ತಪ್ಪಿಸ್ಕೊಳ್ತಾನೆ, ಮುಂದಕ್ಕೆ ಮಾಡಿದ್ರೆ ಡೈವ್. ಕಂಟ್ರೋಲ್ ಹೆಚ್ಚುಕಡಿಮೆ ಇಷ್ಟೇ, ಆದ್ರೆ ಮಜಾ ಎಲ್ಲಿದೆ ಅಂದ್ರೆ ರಿಸೀವರ್, ಅಂದ್ರೆ ಬಾಲ್ ಹಿಡಿಯೋನು, ಈಗ ಎಲ್ಲಿದಾನೋ ಅಲ್ಲಿಗಲ್ಲ, ಬಾಲ್ ಇಳಿಯೋ ಹೊತ್ತಿಗೆ ಅವನು ಎಲ್ಲಿರ್ತಾನೋ ಅಲ್ಲಿಗೆ ಎಸೀಬೇಕು, ಅಷ್ಟರಲ್ಲಿ ಎದುರಾಳಿಗಳು ಬಾಲ್ ಎಸೆಯೋ ನಮ್ಮ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ತಾ ಇರ್ತಾರೆ, ಎರಡು ಮೂರು ಸೆಕೆಂಡಲ್ಲಿ ಯಾರು ಖಾಲಿ ಇದಾನೆ ಅಂತ ನೋಡಿ ಬಿಡ್ಬೇಕು.

ಕೆಲವರಿಗೆ ಉದ್ದ ಎಸೆತ ಸಲೀಸು. ನನ್ನ ಬೆರಳಿಗೆ ಒಗ್ಗಿರೋದು ಮಧ್ಯದಲ್ಲಿ ಐದು ಹತ್ತು ಯಾರ್ಡಿನ ಚಿಕ್ಕ ಪಾಸ್, ಆಮೇಲೆ ಸ್ವೈಪ್ ಮಾಡಿ ಇಬ್ಬರನ್ನ ತಪ್ಪಿಸಿ ಓಡಿಸೋದು. ಹಾಗಾಗಿ ಟೀಮ್ ಕಟ್ಟುವಾಗ ಇದನ್ನೇ ಇಟ್ಕೊಂಡು ಶುರು ಮಾಡ್ತೀನಿ. ಕ್ವಾರ್ಟರ್‌ಬ್ಯಾಕ್‌ಗೆ ಆರ್ಮ್ ಸ್ಟ್ರೆಂಗ್ತ್ ಬೇರೆ, ಆಕ್ಯುರಸಿ ಬೇರೆ. ದೂರ ಎಸೆಯೋರಿಗೆ ಮೊದಲನೇದು ಬೇಕು, ನಾನು ಲೆವೆಲ್ ಏರಿದಾಗೆಲ್ಲ ಎರಡನೇದಕ್ಕೇ ಹಾಕ್ತೀನಿ, ಯಾಕಂದ್ರೆ ಚಿಕ್ಕ ಪಾಸ್ ಬೀಳೋದು ಎದುರಾಳಿಗಳ ಗುಂಪಿನ ಮಧ್ಯೆ, ಒಂದು ಅಡಿ ಆಚೀಚೆ ಆದ್ರೂ ಬಾಲ್ ಅವರ ಪಾಲು. ದೂರ ಓಡಿ ಬಾಲ್ ಹಿಡಿಯೋ ವೈಡ್ ರಿಸೀವರ್‌ಗಳಿಗೆ ದುಡ್ಡು ಸುರಿಯಲ್ಲ, ಹತ್ರದಲ್ಲೇ ಚಿಕ್ಕ ಪಾಸ್ ಹಿಡಿಯೋ ಒಬ್ಬ ಒಳ್ಳೆ ಟೈಟ್ ಎಂಡ್ ಸಾಕು, ಅವನಿಗೆ ಕ್ಯಾಚಿಂಗ್ ಮತ್ತೆ ಸ್ಟ್ರೆಂಗ್ತ್. ಬಾಲ್ ಕೈಗೆ ತಗೊಂಡು ಓಡೋ ರನ್ನಿಂಗ್ ಬ್ಯಾಕ್ ಒಬ್ಬ ಇರಲೇಬೇಕು, ಅವನ ವಿಷಯ ಆಮೇಲೆ ಹೇಳ್ತೀನಿ.

ಇಲ್ಲಿ ಆಫೀಸ್ ಕೆಲಸ ಶುರು. ಟೀಮಲ್ಲಿ ಹೆಸರಿರೋ ಆಟಗಾರರು ಬೆರಳೆಣಿಕೆ, ಉಳಿದೋರೆಲ್ಲ ಲೆಕ್ಕಕ್ಕೆ ಬರದ ಸಾಮಾನ್ಯರು. ಇಷ್ಟೇ ಜಾಗ, ಮೇಲೆ ಸ್ಯಾಲರಿ ಕ್ಯಾಪ್, ಅಂದ್ರೆ ಒಟ್ಟು ಸಂಬಳಕ್ಕೊಂದು ಮಿತಿ ಬೇರೆ. ನನ್ನ ಲೆಕ್ಕ ಸರಳ: ನನ್ನ ಬೆರಳು ಮಾಡೋ ಕೆಲಸಕ್ಕೆ ಸ್ಟಾರ್ ಬೇಡ, ನನ್ನ ಬೆರಳು ಮುಟ್ಟೋಕಾಗದ ಕಡೆ ಸ್ಟಾರ್ ಬೇಕು. ಅಂದ್ರೆ ಒಳ್ಳೆ ಆಟಗಾರರ ಜಾಗ ಆದಷ್ಟು ಡಿಫೆನ್ಸ್‌ಗೆ. ಆಫೆನ್ಸ್ ಸ್ವಲ್ಪ ಸಾಧಾರಣ ಇದ್ರೂ ನಾನು ಎಸೆದು ಓಡಿಸಿ ಸರಿದೂಗಿಸ್ಕೋತೀನಿ, ಡಿಫೆನ್ಸ್ ಸಾಧಾರಣ ಇದ್ರೆ ಸರಿದೂಗಿಸೋರು ಯಾರೂ ಇಲ್ಲ. ಗೇಮ್ ಹೊಸದಾಗಿ ಶುರು ಮಾಡೋರಿಗೆ ನಾನು ಮೊದಲು ಹೇಳೋದೇ ಇದು, ಆದ್ರೆ ಎಲ್ರೂ ಮೊದಲು ಕಾಣೋ ಕಡೆ, ಅಂದ್ರೆ ರಿಸೀವರ್‌ಗಳ ಕಡೆಗೇ ಓಡ್ತಾರೆ, ಬಾಲ್ ಹಿಡಿದು ಓಡೋನು ಕಣ್ಣಿಗೆ ಕಾಣ್ತಾನಲ್ಲ ಅದಕ್ಕೆ.

ಕೋಚಿಂಗ್ ಕ್ರೆಡಿಟ್ ಅಂತ ಒಂದು ನಾಣ್ಯ ಇದೆ, ಗೆದ್ದಾಗ, ಫ್ಯಾನ್ಸ್ ಖುಷಿಯಾಗಿದ್ದಾಗ ಬರತ್ತೆ, ದುಡ್ಡು ಕೊಟ್ಟೂ ಕೊಂಡ್ಕೋಬಹುದು ಆದ್ರೆ ಅದರ ಅಗತ್ಯ ಖಂಡಿತ ಇಲ್ಲ, ತಾಳ್ಮೆ ಇದ್ರೆ ಸಾಕು. ಇದನ್ನ ಖರ್ಚು ಮಾಡೋಕೆ ಸ್ಟೇಡಿಯಂ, ಟ್ರೈನಿಂಗ್, ರಿಹ್ಯಾಬ್ (ಗಾಯದಿಂದ ಚೇತರಿಕೆ) ಅಂತ ಮೂರು ಕಡೆ ಇದೆ. ನಾನು ಟ್ರೈನಿಂಗ್‌ಗೆ ಮೊದಲು ಹಾಕ್ತೀನಿ. ಸ್ಟೇಡಿಯಂ ದೊಡ್ಡದಾದ್ರೆ ನೋಡೋಕೆ ಚೆನ್ನ, ಆದ್ರೆ ಟ್ರೈನಿಂಗ್ ಚೆನ್ನಾಗಿದ್ರೆ ಆಟಗಾರರು ಬೇಗ ಲೆವೆಲ್ ಏರ್ತಾರೆ, ಡ್ರಾಫ್ಟಲ್ಲಿ, ಅಂದ್ರೆ ಹೊಸ ಹುಡುಗರನ್ನ ಆರಿಸ್ಕೊಳ್ಳೋವಾಗ, ಕಡಿಮೆ ಸಂಬಳಕ್ಕೆ ತಗೊಂಡ ಹುಡುಗ ಕಾಂಟ್ರ್ಯಾಕ್ಟ್ ಮುಗಿಯೋಕೆ ಮುಂಚೇನೇ ದೊಡ್ಡ ಆಟಗಾರ ಆಗಿರ್ತಾನೆ, ಸಂಬಳ ಮಾತ್ರ ಇನ್ನೂ ಹಳೇದೇ. ಸ್ಯಾಲರಿ ಕ್ಯಾಪ್ ಇರೋ ಗೇಮಲ್ಲಿ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿಲ್ಲ.

ಆ ಹುಡುಗನ ಕಾಂಟ್ರ್ಯಾಕ್ಟ್ ಮುಗೀತಾ ಬಂದಾಗ ಏನು ಮಾಡೋದು ಅನ್ನೋದು ಕಷ್ಟದ ನಿರ್ಧಾರ. ಇಟ್ಕೊಂಡ್ರೆ ಸಂಬಳ ಏರತ್ತೆ, ಸುಮ್ನೆ ಬಿಟ್ರೆ ಏನೂ ಸಿಗದೆ ಹೋಗ್ತಾನೆ. ನಾನು ಅವನನ್ನ ಬೇರೆ ಟೀಮ್ ಜೊತೆ ಟ್ರೇಡ್‌ಗೆ ಇಟ್ಟು ಬದಲಿಗೆ ಡ್ರಾಫ್ಟ್ ಪಿಕ್, ಅಂದ್ರೆ ಡ್ರಾಫ್ಟಲ್ಲಿ ಒಬ್ಬನನ್ನ ಆರಿಸೋ ಅವಕಾಶ, ತಗೊಳ್ತೀನಿ, ಅದೂ ವಯಸ್ಸು ಮೂವತ್ತರ ಹತ್ರ ಬರೋಕೆ ಮುಂಚೆ. ಮನಸ್ಸಿಗೆ ನೋವಾಗತ್ತೆ ನಿಜ, ಫೈನಲ್ ಗೆಲ್ಲಿಸಿದ ಡಿಫೆನ್ಸ್‌ನ ಲೈನ್‌ಬ್ಯಾಕರ್‌ನ ಕಳ್ಸುವಾಗ ಬೆರಳು ಬಟನ್ ಮೇಲೆ ಸ್ವಲ್ಪ ಹೊತ್ತು ನಿಲ್ಲತ್ತೆ, ಪಿಕ್ಸೆಲ್ ಗೊಂಬೆ ಅಂತ ಗೊತ್ತಿದ್ರೂ ಒಂದೊಂದೇ ಲೆವೆಲ್ ಏರಿಸಿ ಬೆಳೆಸಿದೋನಲ್ವಾ. ಟ್ರೈನಿಂಗ್ ಭಾಗ ಇಷ್ಟು ಗಟ್ಟಿಯಾಗಿ ಹಿಡಿಯೋದು ಇದಕ್ಕೇ ಅನ್ಸತ್ತೆ, ಬರೀ ಆರ್ಕೇಡ್ ಆಗಿದ್ರೆ ಅವನ ಹೆಸರೂ ನೆನಪಿರ್ತಿರ್ಲಿಲ್ಲ.

ಮಧ್ಯೆ ಮಧ್ಯೆ ಪತ್ರಕರ್ತರು ಬಂದು ಪ್ರಶ್ನೆ ಕೇಳ್ತಾರೆ, ಆಟಗಾರ ಬಂದು ಗೊಣಗ್ತಾನೆ, ನಾವು ಕೊಡೋ ಉತ್ತರದಲ್ಲಿ ಒಬ್ಬರ ಮೊರಾಲ್ (ಹುಮ್ಮಸ್ಸು) ಏರಿದ್ರೆ ಇನ್ನೊಬ್ಬರದ್ದು ಇಳಿಯತ್ತೆ. ನಾನು ಆಟಗಾರನ ಪರ ನಿಂತ್ಕೊಳ್ತೀನಿ, ಅಷ್ಟೇ, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಳ್ಳಲ್ಲ.

ಈಗ ರನ್ನಿಂಗ್ ಬ್ಯಾಕ್ ವಿಷಯ. ಗಡಿಯಾರ ಈ ಆಟದಲ್ಲಿ ಇನ್ನೊಬ್ಬ ಡಿಫೆಂಡರ್ ಇದ್ದಂಗೆ. ಪಾಸ್ ಕೆಳಗೆ ಬಿದ್ರೆ ಟೈಮ್ ನಿಲ್ಲತ್ತೆ, ಬಾಲ್ ಹಿಡಿದೋನು ಪಕ್ಕದ ಗೆರೆ ಆಚೆ ಹೋದ್ರೂ ನಿಲ್ಲತ್ತೆ, ಗ್ರೌಂಡ್ ಒಳಗೇ ಬಿದ್ರೆ ಓಡ್ತಾನೇ ಇರತ್ತೆ. ಹಾಗಾಗಿ ನಾನು ನಾಲ್ಕು ಪಾಯಿಂಟ್ ಮುಂದಿದ್ದು ಕೊನೇ ಕ್ವಾರ್ಟರ್‌ನಲ್ಲಿ ಬಾಲ್ ಕೈಗೆ ಬಂದ್ರೆ ಟಚ್‌ಡೌನ್‌ಗೆ ಆತುರ ಪಡಲ್ಲ. ರನ್ನಿಂಗ್ ಬ್ಯಾಕ್‌ಗೆ ಕೊಡೋದು, ಮೂರು ಯಾರ್ಡ್, ಮತ್ತೆ ಕೊಡೋದು, ನಾಲ್ಕು ಯಾರ್ಡ್, ಪಕ್ಕದ ಗೆರೆ ಹತ್ರ ಹೋದ್ರೆ ಒಳಗಡೆಗೇ ತಿರುಗಿಸೋದು, ಆಮೇಲೆ ಟೈಟ್ ಎಂಡ್‌ಗೆ ಒಂದು ಚಿಕ್ಕ ಪಾಸ್ ಹಾಕಿ ಹೊಸ ನಾಲ್ಕು ಅವಕಾಶ ತಗೊಳ್ಳೋದು. ಎದುರಾಳಿಗೆ ಬಾಲೇ ಸಿಗದಿದ್ರೆ ಆ ಅಕ್ಷರದ ಸಾಲುಗಳನ್ನ ಓದೋ ಪ್ರಮೇಯವೇ ಬರಲ್ಲ. ಎಕ್ಸ್‌ಟ್ರೀಮ್ ಅನ್ನೋ ಕಷ್ಟದ ಲೆವೆಲ್‌ನಲ್ಲಿ ನಾನು ಗೆಲ್ಲೋದು ಹೆಚ್ಚಾಗಿ ಹೀಗೇ, ಸ್ಕೋರ್ ನೋಡಿದ್ರೆ ಸಪ್ಪೆ ಅನ್ಸತ್ತೆ ಆದ್ರೆ ಆಡ್ತಾ ಇರುವಾಗ ಬೆವರು ಬರತ್ತೆ.

ಇದನ್ನ ಕಲಿತ್ಮೇಲೆ ನಿಜವಾದ ಸೂಪರ್ ಬೌಲ್, ಅಂದ್ರೆ ಎನ್‌ಎಫ್‌ಎಲ್ ಫೈನಲ್, ನೋಡೋ ಕಣ್ಣೇ ಬದಲಾಯ್ತು. ನಮ್ಮಲ್ಲಿ ಅದು ಸೋಮವಾರ ಬೆಳಗ್ಗೆ ಐದು ಗಂಟೆ ಹೊತ್ತಿಗೆ ಶುರುವಾಗತ್ತೆ, ಅಲಾರಂ ಇಟ್ಟು ಎದ್ದು ನೋಡ್ತೀನಿ. ಮುಂದಿರೋ ಟೀಮ್‌ನ ಆಟಗಾರ ಖಾಲಿ ಜಾಗ ಇದ್ರೂ ಕೊನೆ ಗೆರೆ ದಾಟದೆ ಒಳಗೇ ಬೀಳ್ತಾನಲ್ಲ, ಯಾಕೆ ಅಂತ ಯಾರೂ ಹೇಳ್ಕೊಡ್ಬೇಕಾಗಿಲ್ಲ ಈಗ.

ಕೊನೇದಾಗಿ ಕಿಕ್ಕರ್. ಅವನೂ ಆ ಬೆರಳೆಣಿಕೆ ಜಾಗದಲ್ಲಿ ಒಂದನ್ನ ತಿಂತಾನೆ ಅಂತ ನಾನು ಸ್ಟಾರ್ ಕಿಕ್ಕರ್ ಇಟ್ಕೊಳ್ಳೋದೇ ಇಲ್ಲ. ಟಚ್‌ಡೌನ್ ಆದ್ಮೇಲೆ ಒಂದು ಪಾಯಿಂಟ್‌ಗೆ ಒದೆಯೋ ಬದಲು ಎರಡಕ್ಕೇ ಹೋಗ್ತೀನಿ, ಕೊನೆ ಗೆರೆ ಹತ್ರ ಅಷ್ಟು ಚಿಕ್ಕ ಜಾಗದಲ್ಲಿ ಟೈಟ್ ಎಂಡ್‌ಗೆ ಹಾಕೋ ಪಾಸೇ ನನ್ನ ಕೈಗೆ ಚೆನ್ನಾಗಿ ಕೂತಿರೋದು, ಆ ಉಳಿದ ಜಾಗಕ್ಕೆ ಇನ್ನೊಬ್ಬ ಡಿಫೆನ್ಸಿವ್ ಬ್ಯಾಕ್ ಬರ್ತಾನೆ. ಉದ್ದ ಪಾಸ್ ಆಡೋರಿಗೆ ಈ ಲೆಕ್ಕ ಹೊಂದಲ್ಲ, ಅವರು ಕಿಕ್ಕರ್‌ನ ಇಟ್ಕೊಳ್ಳೋದೇ ಒಳ್ಳೇದು.